ಭಾರೀ ಫೋರ್‌ವೀಲ್ ಗಾಡಿಗೆ ವೀಲ್ ಸ್ಪೇಸರ್ ಬೇಕೇ? ಹಾಕುವುದಾದರೆ ಹೇಗೆ?

ಫಾರ್ಚೂನರ್, ಹೈಲಕ್ಸ್, ಗೂರ್ಖಾ, ಥಾರ್ ಮೊದಲಾದ ಗಾಡಿಗಳಿಗೆ ಕಂಪನಿ ಕೊಟ್ಟದ್ದಕ್ಕಿಂತ ಅಗಲವಾದ ಟಯರು ಹಾಕಿಸಿದರೆ, ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ಟಯರಿನ ಒಳಮೈ ಸಸ್ಪೆನ್ಷನ್ ಭಾಗಗಳಿಗೋ ಚಾಸಿಗೋ ಉಜ್ಜತೊಡಗುವುದುಂಟು. ಆಗ ಟಯರ್ ಅಂಗಡಿಯಲ್ಲಿ ಸುಲಭವಾಗಿ ಸಿಗುವ ಸಲಹೆ ಸ್ಪೇಸರ್. ಆ್ಯಕ್ಸಲ್ ತುದಿಯಲ್ಲಿ ಚಕ್ರವನ್ನು ಬಿಗಿಯುವ ಹಬ್‌ಗೂ ರಿಮ್‌ಗೂ ನಡುವೆ ಕೂರುವ ಈ ಲೋಹದ ಬಿಲ್ಲೆ ಚಕ್ರವನ್ನು ತನ್ನ ದಪ್ಪದಷ್ಟು ಹೊರಕ್ಕೆ ತರುತ್ತದೆ. ಅದು ಮಾಡುವ ಕೆಲಸ ಅಷ್ಟೇ. ಆದ್ದರಿಂದ ಚಕ್ರ ಎಲ್ಲಿಗಾದರೂ ತಾಗುತ್ತಿದ್ದರೆ ಮಾತ್ರ ಸ್ಪೇಸರಿನ ವಿಚಾರ ಮಾಡಬೇಕು. ಗಾಡಿ ಅಗಲವಾಗಿ ಕಾಣಲಿ ಎಂಬುದಷ್ಟೇ ಕಾರಣವಾಗಿದ್ದರೆ ಆ ಖರ್ಚು ಬೇಡ.

ಮೊದಲು ಅಳತೆ ತೆಗೆಯಿರಿ. ಬಹುತೇಕ ಅಲಾಯ್ ರಿಮ್‌ಗಳ ಮೇಲೆ ‘ಇಟಿ’ ಎಂದು ಅಚ್ಚಾದ ಸಂಖ್ಯೆಯೊಂದು ಇರುತ್ತದೆ. ಅದು ಆಫ್‌ಸೆಟ್, ಅಂದರೆ ರಿಮ್‌ನ ಅಗಲದ ನಟ್ಟನಡುವಿನಿಂದ ಹಬ್‌ಗೆ ಕೂರುವ ಮುಖಕ್ಕೆ ಇರುವ ದೂರ, ಮಿಲಿಮೀಟರಿನಲ್ಲಿ. ಇಟಿ 45ರ ರಿಮ್‌ಗೆ 30 ಮಿ.ಮೀ. ಸ್ಪೇಸರ್ ಹಾಕಿದರೆ ಚಕ್ರ ನಿಲ್ಲುವ ಜಾಗ ಇಟಿ 15ರ ರಿಮ್ ಹಾಕಿದಾಗಿನ ಜಾಗವೇ ಆಗುತ್ತದೆ. ಬೇರಿಂಗಿನ ಮೇಲೆ ಬೀಳುವ ಹೆಚ್ಚುವರಿ ಭಾರವೂ ಸ್ಟೀರಿಂಗಿನಲ್ಲಾಗುವ ಬದಲಾವಣೆಯೂ ಎರಡರಲ್ಲಿಯೂ ಸರಿಸುಮಾರು ಒಂದೇ. ಹೀಗಿರುವಾಗ ಸ್ಪೇಸರ್ ಹೆಚ್ಚಿಗೆ ಕೊಡುವುದು ಪ್ರತಿ ಚಕ್ರಕ್ಕೆ ಇನ್ನೊಂದಿಷ್ಟು ತೂಕ, ಇನ್ನೊಂದು ಜೋಡಣೆ ಮತ್ತು ಸಡಿಲವಾಗಬಹುದಾದ ಇನ್ನೊಂದು ಸುತ್ತು ನಟ್ಟುಗಳನ್ನು ಮಾತ್ರ. ಹೊಸ ರಿಮ್ ಕೊಳ್ಳುವ ಯೋಚನೆ ಹೇಗೂ ಇದ್ದರೆ ಸರಿಯಾದ ಆಫ್‌ಸೆಟ್‌ನ ರಿಮ್‌ಗಳನ್ನೇ ತರಿಸಿಕೊಳ್ಳುವುದು ಜಾಣತನ.

‘ಸ್ಪೇಸರ್ ಹಾಕಿದರೆ ಗಾಡಿ ಪಲ್ಟಿಯಾಗುವುದಿಲ್ಲ’ ಎಂದು ಅದರ ಪರವಾಗಿ ಕೊಡುವ ಸಮರ್ಥನೆಯನ್ನೂ ಲೆಕ್ಕ ಹಾಕಿ ನೋಡಬಹುದು. ಎಡ ಬಲ ಚಕ್ರಗಳ ನಡುವಿನ ಅಂತರ 1,540 ಮಿ.ಮೀ., ಗುರುತ್ವ ಕೇಂದ್ರದ ಎತ್ತರ 750 ಮಿ.ಮೀ. ಎಂದು ಹಿಡಿದರೆ, ನಿಂತ ಗಾಡಿ ಅಡ್ಡಕ್ಕೆ ಮಗುಚುವ ಕೋನ ಸುಮಾರು 45.8 ಡಿಗ್ರಿ. ಎರಡೂ ಬದಿಗೆ 30 ಮಿ.ಮೀ. ಸ್ಪೇಸರ್ ಹಾಕಿದರೆ ಅದು 46.9ಕ್ಕೆ ಏರುತ್ತದೆ, ಲಾಭ ಒಂದೇ ಒಂದು ಡಿಗ್ರಿ. ಅದೇ ಗಾಡಿಯನ್ನು ಲಿಫ್ಟ್ ಮಾಡಿ, ಅಂದರೆ ಸಸ್ಪೆನ್ಷನ್ ಎತ್ತರಿಸಿ, ಗುರುತ್ವ ಕೇಂದ್ರ 50 ಮಿ.ಮೀ. ಮೇಲೇರಿದರೆ ಕೋನ 43.9ಕ್ಕೆ ಇಳಿಯುತ್ತದೆ, ಆಗ ಇದೇ ಸ್ಪೇಸರ್ ಅದನ್ನು 45ಕ್ಕೆ ತರುತ್ತದೆ. ಅಂದರೆ ಲಿಫ್ಟ್‌ನಿಂದಾದ ನಷ್ಟದ ಅರ್ಧಕ್ಕಿಂತ ತುಸು ಹೆಚ್ಚು ಮಾತ್ರ ಮರಳಿತು. ಇವು ನಿಂತ ಗಾಡಿಯ ಲೆಕ್ಕ. ಸುಳ್ಯ, ಬೆಳ್ತಂಗಡಿ ಕಡೆಯ ರಬ್ಬರ್ ತೋಟದ ಓರೆ ದಾರಿಯಲ್ಲಿ ಕೆಸರಿಗೆ ಜಾರುವಾಗ ಒಂದು ಡಿಗ್ರಿಯನ್ನು ನಂಬಿ ಇಳಿಯುವ ಹಾಗಿಲ್ಲ.

ಈ ಲಾಭಕ್ಕೆ ತೆರುವ ಬೆಲೆಯೂ ಇದೆ. ಒಂದು ಚಕ್ರದ ಮೇಲೆ 700 ಕಿಲೋ ಭಾರ ಇದ್ದು ಚಕ್ರ 30 ಮಿ.ಮೀ. ಹೊರಗೆ ಹೋದರೆ, ಹಬ್‌ನ ಮೇಲೆ ಸುಮಾರು 206 ನ್ಯೂಟನ್ ಮೀಟರಿನಷ್ಟು ಹೆಚ್ಚುವರಿ ಬಾಗಿಸುವ ಬಲ ಬೀಳುತ್ತದೆ. ಗುಂಡಿಗೆ ಬಿದ್ದಾಗ ಅದು ಇನ್ನೂ ಏರುತ್ತದೆ. ಮುಂದಿನ ಚಕ್ರಗಳಲ್ಲಿ, ಕಿಂಗ್‌ಪಿನ್ ರೇಖೆ (ಸ್ಟೀರಿಂಗ್ ತಿರುಗಿಸಿದಾಗ ಚಕ್ರ ಎಡಕ್ಕೆ ಬಲಕ್ಕೆ ಹೊರಳುವ ಅಕ್ಷ) ನೆಲ ಸೇರುವ ಬಿಂದುವಿನಿಂದ ಟಯರಿನ ನಡುಭಾಗ ಹೊರಕ್ಕೆ ಸರಿಯುವುದರಿಂದ ಗುಂಡಿಯ ಹೊಡೆತ ನೇರವಾಗಿ ಸ್ಟೀರಿಂಗಿಗೆ ಬಡಿಯುತ್ತದೆ. ತಿರುಗುವಾಗ ಟಯರು ದೊಡ್ಡ ಸುತ್ತು ಹಾಕುವ ಕಾರಣ, ಒಳಗೆ ಉಜ್ಜುವುದು ನಿಂತರೂ ಬಂಪರಿನ ಮೂಲೆಗೆ ಅಥವಾ ಮಡ್‌ಗಾರ್ಡಿನ ಅಂಚಿಗೆ ತಾಗಲು ಶುರುವಾಗಬಹುದು. ಆಗುಂಬೆ ಘಾಟಿಯ 14 ಹೇರ್‌ಪಿನ್ ತಿರುವುಗಳಲ್ಲಿ ಸ್ಟೀರಿಂಗ್ ಪೂರ್ತಿ ತಿರುಗಿ, ಒಂದು ಬದಿಯ ಸ್ಪ್ರಿಂಗ್ ಒತ್ತಿಕೊಂಡಾಗ ಇದು ಗೊತ್ತಾಗುತ್ತದೆ. ಅಂಗಡಿಯ ಮುಂದಿನ ಸಮತಟ್ಟಿನಲ್ಲಿ ಗೊತ್ತಾಗುವುದಿಲ್ಲ. ಹಿಂದೆ ಕೆಂಪುಕಲ್ಲು ಹೇರುವ ಪಿಕಪ್ಪಿಗಂತೂ ಸ್ಪೇಸರ್ ಬೇಡವೇ ಬೇಡ ಎಂಬುದು ನನ್ನ ಖಚಿತ ಅಭಿಪ್ರಾಯ.

ಕಾನೂನಿನ ಕಡೆಯಿಂದಲೂ ದಾರಿ ಸಲೀಸಾಗಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ, ನೋಂದಣಿ ಪತ್ರದ ವಿವರಗಳು ತಯಾರಕರು ಮೂಲದಲ್ಲಿ ಕೊಟ್ಟ ವಿವರಗಳಿಗೆ ಹೊಂದದಂತೆ ವಾಹನವನ್ನು ಬದಲಿಸುವುದನ್ನು ತಡೆಯುತ್ತದೆ. 2019ರ ತಿದ್ದುಪಡಿಯಲ್ಲಿ ಸೇರಿದ 182ಎ ಕಲಂ, ಅನುಮತಿಯಿಲ್ಲದ ಬದಲಾವಣೆಗೆ ಆರು ತಿಂಗಳವರೆಗಿನ ಸೆರೆವಾಸ, ಅಥವಾ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಅಥವಾ ಎರಡನ್ನೂ ಹೇಳುತ್ತದೆ. ಮಡ್‌ಗಾರ್ಡಿನಿಂದ ಹೊರಗೆ ಚಾಚಿದ ಟಯರು ತಪಾಸಣೆಯವರ ಕಣ್ಣಿಗೆ ಬೇಗ ಬೀಳುತ್ತದೆ, ಮಳೆಗಾಲದಲ್ಲಿ ಪಕ್ಕದ ಸ್ಕೂಟರಿನವರಿಗೆ ಕೆಸರಿನ ಅಭಿಷೇಕವನ್ನೂ ಮಾಡಿಸುತ್ತದೆ. ಗಾಡಿ ಕೆಎ 19 ಇರಲಿ, ಕೆಎ 20 ಇರಲಿ, ಮೊದಲು ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ, ವಿಮಾ ಕಂಪನಿಗೆ ಬರಹದಲ್ಲಿ ತಿಳಿಸಿ.

ಇಷ್ಟೆಲ್ಲ ನೋಡಿದ ಮೇಲೂ ಸ್ಪೇಸರ್ ಬೇಕೇ ಬೇಕು ಎಂದಾದರೆ, ತಾಗುವುದನ್ನು ತಪ್ಪಿಸಲು ಎಷ್ಟು ಬೇಕೋ ಅಷ್ಟೇ ದಪ್ಪದ್ದನ್ನು ಆರಿಸಿ. ಹಬ್‌ನ ನಡುವಿನ ಉಬ್ಬಿನ ಮೇಲೆ ಬಿಗಿಯಾಗಿ ಕೂರುವ, ರಿಮ್ ಕೂರಲು ತನ್ನ ಹೊರಮುಖದಲ್ಲಿಯೂ ಅಂಥದೇ ಉಬ್ಬು ಇರುವ ಹಬ್‌ಸೆಂಟ್ರಿಕ್ ಮಾದರಿಯನ್ನೇ ಕೊಳ್ಳಬೇಕು. ಫಾರ್ಚೂನರ್ ಮತ್ತು ಹೈಲಕ್ಸ್‌ಗಳಲ್ಲಿ ಆರು ಸ್ಟಡ್‌ಗಳ (ಚಕ್ರದ ನಟ್ಟು ಕೂರಲು ಹಬ್‌ನಿಂದ ಚಾಚಿದ ಬೋಲ್ಟುಗಳ) ವೃತ್ತದ ವ್ಯಾಸ 139.7 ಮಿ.ಮೀ., ನಡುವಿನ ರಂಧ್ರ ಸುಮಾರು 106 ಮಿ.ಮೀ.; ಇದೇ ಸ್ಟಡ್ ಅಳತೆಯ ಬೇರೆ ಗಾಡಿಯ ಸ್ಪೇಸರಿನಲ್ಲಿ ರಂಧ್ರ ದೊಡ್ಡದಿದ್ದರೆ ಅದು ಕೂರುತ್ತದೆ, ಆದರೆ ನಡುವಿಗೆ ನಿಲ್ಲುವುದಿಲ್ಲ. ಅಂಥದ್ದರಿಂದ ಸ್ಟೀರಿಂಗ್ ನಡುಗುತ್ತದೆ, ಸ್ಟಡ್‌ಗಳು ದಣಿಯುತ್ತವೆ. ಲೋಹ 6061-ಟಿ6 ಅಥವಾ 7075-ಟಿ6 ಅಲ್ಯೂಮಿನಿಯಂ ಆಗಿರಲಿ. ಎರಕದ ಅಗ್ಗದ ಮಾಲು ಬೇಡ. ಮಂಗಳೂರಿನ ಬೈಕಂಪಾಡಿ ಕೈಗಾರಿಕಾ ಪ್ರದೇಶದ ಲೇತ್‌ಗಳಲ್ಲಿ ಕೈಚಳಕಕ್ಕೆ ಕೊರತೆಯಿಲ್ಲ. ಆದರೆ ಕೊಟ್ಟ ಲೋಹದ ತುಂಡಿನ ದರ್ಜೆ ಯಾವುದೆಂದು ಖಚಿತವಿಲ್ಲದಿದ್ದರೆ ಎಂಥ ಕೈಚಳಕವೂ ಅದನ್ನು ಸರಿಪಡಿಸಲಾರದು.

ಸ್ವಂತ ಸ್ಟಡ್‌ಗಳಿಲ್ಲದೆ ನಡುವೆ ಜಾರಿಸಿ ಕೂರಿಸುವ ತೆಳು ಬಿಲ್ಲೆಗಳಲ್ಲಿ ಇನ್ನೊಂದು ಅಪಾಯವಿದೆ. ನಟ್ಟು ಹಿಡಿಯುವ ಎಳೆಗಳು (ಥ್ರೆಡ್) ಬಿಲ್ಲೆಯ ದಪ್ಪದಷ್ಟು ಕಡಿಮೆಯಾಗುತ್ತವೆ. 12 ಮಿ.ಮೀ. ಸ್ಟಡ್‌ನಲ್ಲಿ ಎಳೆಗಳ ಅಂತರ 1.5 ಮಿ.ಮೀ. ಆಗಿದ್ದರೆ ನಟ್ಟು ಕನಿಷ್ಠ ಎಂಟು ಪೂರ್ಣ ಸುತ್ತು ಹಿಡಿಯಬೇಕು. ಅಷ್ಟು ಹಿಡಿಯದಿದ್ದರೆ ಉದ್ದನೆಯ ಸ್ಟಡ್‌ಗಳನ್ನು ಹಾಕಿಸಬೇಕು. ಹಬ್‌ಗೆ ಬಿಗಿದ ಮೇಲೆ ತನ್ನದೇ ಸ್ಟಡ್‌ಗಳಲ್ಲಿ ರಿಮ್ ಹಿಡಿಯುವ ದಪ್ಪ ಸ್ಪೇಸರಿನಲ್ಲಿ ನೋಡಬೇಕಾದದ್ದು ಇದಕ್ಕೆ ವಿರುದ್ಧ: ಗಾಡಿಯ ಮೂಲ ಸ್ಟಡ್‌ನ ತುದಿ ಸ್ಪೇಸರಿನ ಹೊರಮುಖದಿಂದ ಮುಂದೆ ಚಾಚಿದ್ದರೆ ರಿಮ್ ಆ ತುದಿಗಳ ಮೇಲೆ ನಿಂತುಬಿಡುತ್ತದೆ. ರಿಮ್‌ನ ಹಿಂಬದಿಯಲ್ಲಿ ಅವು ಅಡಗುವಷ್ಟು ಕುಳಿಗಳಿವೆಯೇ ಎಂದು ಮೊದಲೇ ಪರೀಕ್ಷಿಸಿ.

ಹಾಕುವ ದಿನ ಗಾಡಿಯನ್ನು ಗಟ್ಟಿ ನೆಲದಲ್ಲಿ ಎತ್ತಿ, ಜಾಕ್‌ನ ಮೇಲೆ ಬಿಡದೆ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ. ಹಬ್‌ನ ಮುಖವನ್ನು ವೈರ್ ಬ್ರಶ್ಶಿನಿಂದ ಲೋಹ ಹೊಳೆಯುವಷ್ಟು ಉಜ್ಜಿ. ಇದು ಬೇಸರದ ಕೆಲಸ, ಆದರೆ ಇಡೀ ಕೆಲಸದಲ್ಲಿ ಮುಖ್ಯವಾದದ್ದು ಇದೇ: ತುಕ್ಕಿನ ಒಂದು ಪದರು ಉಳಿದರೂ ಬಿಗಿದ ನಟ್ಟು ತುಕ್ಕು ಉದುರಿದಂತೆ ಸಡಿಲವಾಗುತ್ತದೆ. ಸ್ಪೇಸರನ್ನು ಹಬ್‌ಗೆ ಬಿಗಿಯುವ ಒಳಸುತ್ತಿನ ನಟ್ಟುಗಳು ರಿಮ್ ಕೂತ ಮೇಲೆ ಕಾಣಿಸುವುದಿಲ್ಲವಾದ್ದರಿಂದ, ತಯಾರಕರು ಹೇಳಿದ್ದರೆ ಅವುಗಳಿಗೆ ಥ್ರೆಡ್ ಲಾಕರ್ (ನಟ್ಟು ಸಡಿಲವಾಗದಂತೆ ಹಿಡಿಯುವ ಅಂಟು) ಹಚ್ಚಿ. ಎಲ್ಲವನ್ನೂ ಎದುರುಬದುರಾಗಿ, ಹಂತ ಹಂತವಾಗಿ, ಬಿಗಿತ ಅಳೆದು ತೋರಿಸುವ ಟಾರ್ಕ್ ರೆಂಚಿನಿಂದ ಕೈಪಿಡಿಯ ಅಂಕಿಗೆ ಬಿಗಿಯಿರಿ. ಗಾಳಿಯ ಗನ್ನಿನಿಂದ ಕೊನೆಯ ಬಿಗಿತ ಬೇಡ. ಐವತ್ತರಿಂದ ನೂರು ಕಿಲೋಮೀಟರ್ ಓಡಿದ ಮೇಲೆ ರಿಮ್ ಬಿಚ್ಚಿ ಒಳಸುತ್ತನ್ನೂ ಮತ್ತೆ ಪರೀಕ್ಷಿಸಬೇಕು. ಹೊರಗಿನ ನಟ್ಟುಗಳನ್ನು ಮಾತ್ರ ನೋಡಿ ತೃಪ್ತರಾಗುವವರೇ ಹೆಚ್ಚು.

ಕರಾವಳಿಯಲ್ಲಿ ಇನ್ನೊಂದು ಕೆಲಸ ಸೇರಿಕೊಳ್ಳುತ್ತದೆ. ಉಕ್ಕಿನ ಹಬ್ ಮತ್ತು ಅಲ್ಯೂಮಿನಿಯಂ ಸ್ಪೇಸರ್ ನಡುವೆ ಉಪ್ಪುನೀರು ಸೇರಿದರೆ ಅಲ್ಯೂಮಿನಿಯಂ ಕೊರೆಯಲ್ಪಟ್ಟು ಬಿಳಿ ಪುಡಿಯಾಗುತ್ತದೆ, ಎರಡೂ ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ. ಹಬ್‌ನ ನಡು ಉಬ್ಬಿಗೆ ಹೀಗೆ ಕಚ್ಚಿಕೊಳ್ಳುವುದನ್ನು ತಡೆಯುವ ಆ್ಯಂಟಿ ಸೀಜ್ ಪೇಸ್ಟನ್ನು ತೆಳುವಾಗಿ ಸವರಬಹುದು, ಆದರೆ ಸ್ಟಡ್‌ಗಳ ಎಳೆಗೆ ತಾಗಿಸಬಾರದು. ಪೇಸ್ಟಿನಿಂದ ಎಳೆ ನುಣುಪಾದರೆ ರೆಂಚ್ ತೋರಿಸುವ ಅಂಕಿ ಸುಳ್ಳಾಗುತ್ತದೆ. ಮಲ್ಪೆ, ಪಣಂಬೂರು ಕಡೆಯ ಉಪ್ಪು ಗಾಳಿಯಲ್ಲಿ ನಿತ್ಯ ಓಡುವ ಗಾಡಿಯ ಸ್ಪೇಸರನ್ನು ಮಳೆಗಾಲದ ಮೊದಲೊಮ್ಮೆ, ಮುಗಿದ ಮೇಲೊಮ್ಮೆ ಪೂರ್ತಿ ಬಿಚ್ಚಿ ನೋಡಬೇಕು. ಸ್ಟಡ್ ರಂಧ್ರದ ಸುತ್ತ ಕೂದಲೆಳೆಯಷ್ಟು ಬಿರುಕು ಕಂಡರೂ ಅದನ್ನು ವೆಲ್ಡಿಂಗ್‌ಗೆ ಒಯ್ಯದೆ ಗುಜರಿಗೆ ಹಾಕಿ, ಎಳೆ ಹಿಗ್ಗಿದ ಸ್ಟಡ್‌ಗಳನ್ನು ಬದಲಿಸಿದ ಬಳಿಕವೇ ಹೊಸದನ್ನು ಕೂರಿಸಿ.