ಎಲ್ಸಾ ಜಡೆ, ರೇ ತುರುಬು, ಕೃಷ್ಣನ ಮುಡಿ: ಮಕ್ಕಳಿಗೆ ಸಿನಿಮಾ ಪಾತ್ರದ ತಲೆ ಬಾಚುವ ಬಗೆ

ಶಾಲೆಯ ವಾರ್ಷಿಕೋತ್ಸವದ ಛದ್ಮವೇಷಕ್ಕೆ ಉಡುಪು ಬಾಡಿಗೆಗೆ ಸಿಗುತ್ತದೆ, ಕಿರೀಟ ಫ್ಯಾನ್ಸಿ ಅಂಗಡಿಯಲ್ಲಿ ಸಿಗುತ್ತದೆ. ತಲೆಯನ್ನು ಮಾತ್ರ ಮನೆಯಲ್ಲೇ ಬಾಚಬೇಕು. ಹೆಚ್ಚಿನ ಮನೆಗಳಲ್ಲಿ ಆ ಕೆಲಸಕ್ಕೆ ಸಿಗುವುದು ಹೊರಡುವ ಮೊದಲಿನ ಹತ್ತು ನಿಮಿಷ. ಮಗು ಅಳುತ್ತದೆ, ಕಟ್ಟಿದ ಜಡೆ ವೇದಿಕೆ ಹತ್ತುವ ಮೊದಲೇ ಸಡಿಲವಾಗುತ್ತದೆ. ಬಿಗಿಯಾಗಿ ಎಳೆದು ಕಟ್ಟಿದರೆ ನಿಲ್ಲುತ್ತದೆ ಎಂಬ ನಂಬಿಕೆಯೇ ತಪ್ಪು. ಕೇಶವಿನ್ಯಾಸ ನಿಲ್ಲುವುದು ಕೂದಲಿಗೆ ಹಿಡಿತ ಇದ್ದರೆ, ಎಳೆಗಳು ಸಮನಾಗಿದ್ದರೆ, ಪಿನ್ನು ಸರಿಯಾದ ಕೋನದಲ್ಲಿ ಹೋಗಿದ್ದರೆ. ಈ ಮೂರೂ ಇದ್ದಲ್ಲಿ ಮಗುವಿಗೆ ನೋವು ಮಾಡುವ ಅಗತ್ಯವೇ ಬೀಳುವುದಿಲ್ಲ.

ಮೊದಲು ಪಾತ್ರದ ಚಿತ್ರವನ್ನು ಮೊಬೈಲಿನಲ್ಲಿ ತೆರೆದು, ಕಣ್ಣು ಕಿರಿದು ಮಾಡಿ ನೋಡಿ. ಮಸುಕಾಗಿ ಕಂಡಾಗಲೂ ಉಳಿಯುವ ಆಕಾರ ಯಾವುದೋ ಅದೇ ಆ ಪಾತ್ರದ ತಲೆ. ಸಭೆಯಲ್ಲಿ ಹಿಂದೆ ಕೂತವರಿಗೆ ಕಾಣುವುದೂ ಅಷ್ಟೇ. ಜಡೆ ಯಾವ ಭುಜದ ಮೇಲಿದೆ, ತುರುಬು ಎಷ್ಟಿವೆ, ಹಣೆ ತೆರೆದಿದೆಯೋ ಮುಚ್ಚಿದೆಯೋ ನೋಡಿಕೊಳ್ಳಿ. ಮಿಂಚುಪುಡಿ, ಬಣ್ಣ, ಮಣಿ ಇವೆಲ್ಲ ಆಮೇಲಿನ ಮಾತು.

ಎಣ್ಣೆ, ನೀರು, ನಮ್ಮ ಹವೆ

ಕಾಸರಗೋಡಿನ ಮನೆಗಳಲ್ಲಿ ಮಕ್ಕಳ ತಲೆಗೆ ತೆಂಗಿನೆಣ್ಣೆ ಬೀಳದ ದಿನ ಕಡಿಮೆ. ಕೂದಲಿಗೆ ಅದು ಒಳ್ಳೆಯದೇ, ಆದರೆ ಎಣ್ಣೆ ಹಚ್ಚಿದ ತಲೆಯಲ್ಲಿ ಸ್ಲೈಡ್ (ಕೂದಲಿಗೆ ಸಿಕ್ಕಿಸುವ ಚಪ್ಪಟೆ ಪಿನ್ನು) ಜಾರುತ್ತದೆ, ಸುರುಳಿ ನಿಲ್ಲುವುದಿಲ್ಲ, ಉಬ್ಬಿಸಿದ ಜಡೆ ಅರ್ಧ ಗಂಟೆಯಲ್ಲಿ ಚಪ್ಪಟೆಯಾಗುತ್ತದೆ. ಕಾರ್ಯಕ್ರಮಕ್ಕೆ ಎರಡು ದಿನ ಮೊದಲು ಎಣ್ಣೆ ಹಚ್ಚಿ ಸಿಕ್ಕು ಬಿಡಿಸಿ. ಹಿಂದಿನ ದಿನ ಬೆಳಿಗ್ಗೆ ತೊಳೆಯಿರಿ. ಅದೇ ದಿನ ತೊಳೆದರೆ ಕೂದಲು ತೀರಾ ನುಣುಪಾಗಿ ಕೈಯಿಂದ ಜಾರುತ್ತದೆ. ದಾಸವಾಳ ಸೊಪ್ಪು ಹಿಸುಕಿ ತೆಗೆದ ಗೊಂಪು, ಅಂದರೆ ಲೋಳೆ, ಸಿಕ್ಕು ಬಿಡಿಸಲು ಬಹಳ ಒಳ್ಳೆಯದು. ಅದು ಕೂದಲನ್ನು ನಯ ಮಾಡುವುದರಿಂದಲೇ ಕಾರ್ಯಕ್ರಮದ ದಿನ ಬೇಡ.

ಕುಂಬಳೆ, ಉಪ್ಪಳ, ಮಂಜೇಶ್ವರದಂಥ ಕಡಲ ಬದಿಯ ಊರುಗಳಲ್ಲಿ ಗಾಳಿಯ ತೇವವೇ ದೊಡ್ಡ ಎದುರಾಳಿ. ನೀರಿನಿಂದ ಒದ್ದೆಮಾಡಿ ಒಣಗಿಸಿದ ಆಕಾರ ಗಾಳಿಯ ತೇವ ತಾಗಿದಂತೆ ಮೊದಲಿನ ರೂಪಕ್ಕೆ ಮರಳುತ್ತದೆ. ಆದ್ದರಿಂದ ಮಳೆಗಾಲದಲ್ಲಿ ಜಡೆ, ತುರುಬು ಇರುವ ಪಾತ್ರ ಆರಿಸಿ. ಗುಂಗುರು ಕೂದಲಿನ ಪಾತ್ರವನ್ನು ಡಿಸೆಂಬರ್, ಜನವರಿಗೆ ಇಟ್ಟುಕೊಳ್ಳಿ.

ಹಿಡಿತಕ್ಕೆ ಅಗಸೆ ಬೀಜದ ಜೆಲ್ ಸಾಕು. 2 ಟೇಬಲ್ ಚಮಚ ಬೀಜಕ್ಕೆ 400 ಮಿಲಿಲೀಟರ್ ನೀರು ಹಾಕಿ, ಸಣ್ಣ ಉರಿಯಲ್ಲಿ 8ರಿಂದ 10 ನಿಮಿಷ ತಿರುವುತ್ತಾ ಕುದಿಸಿ. ಚಮಚ ಎತ್ತಿದಾಗ ಮೊಟ್ಟೆಯ ಬಿಳಿಯ ಹಾಗೆ ನೂಲಾಗಿ ಇಳಿದರೆ ಹದ ಬಂತು. ಬಿಸಿ ಇರುವಾಗಲೇ ತೆಳು ಬಟ್ಟೆಯಲ್ಲಿ ಸೋಸಬೇಕು. ಆರಲು ಬಿಟ್ಟರೆ ಬೀಜಕ್ಕೆ ಅಂಟಿಕೊಂಡು ಒಂದು ಹನಿಯೂ ಇಳಿಯದು. ಫ್ರಿಜ್ಜಿನಲ್ಲಿಟ್ಟು ಒಂದು ವಾರದೊಳಗೆ ಮುಗಿಸಿ, ಹುಳಿ ವಾಸನೆ ಬಂದರೆ ಚೆಲ್ಲಿ. ಅದೂ ಇಲ್ಲದಿದ್ದರೆ ಉಪ್ಪು ಹಾಕದ ಗಂಜಿತಿಳಿಗೆ ಮೂರು ಪಾಲು ನೀರು ಬೆರೆಸಿ ಸ್ಪ್ರೇ ಬಾಟಲಿಯಲ್ಲಿ ತುಂಬಿ. ಗಟ್ಟಿ ತಿಳಿ ಹಾಕಿದರೆ ಒಣಗಿದ ಮೇಲೆ ತಲೆಹೊಟ್ಟಿನಂತೆ ಬಿಳಿಯಾಗಿ ಉದುರುತ್ತದೆ.

ಉಳಿದ ಸಾಮಾನು ಇಷ್ಟು: ಬಾಲವಿರುವ ಬಾಚಣಿಗೆ ಒಂದು, ಅಗಲ ಹಲ್ಲಿನದು ಒಂದು, ಕ್ಲಚ್ ಕ್ಲಿಪ್ 4, ಸಣ್ಣ ಪಾರದರ್ಶಕ ರಬ್ಬರ್ 12, ಸ್ಲೈಡ್ 15, ಯು ಪಿನ್ 10. ಕಾಗದದ ಕಟ್ಟಿಗೆ ಹಾಕುವ ರಬ್ಬರ್ ಬ್ಯಾಂಡ್ ಬೇಡ. ಅದು ಕೂದಲನ್ನು ಹಿಡಿದು ಕೊಯ್ಯುತ್ತದೆ. ಸ್ಲೈಡನ್ನು ಹಲ್ಲಿನಲ್ಲಿ ಕಚ್ಚಿ ತೆರೆಯುವ ಅಭ್ಯಾಸವೂ ಒಳ್ಳೆಯದಲ್ಲ, ತುದಿಯ ಪ್ಲಾಸ್ಟಿಕ್ ಗುಂಡು ಕಳಚಿ ಮಗುವಿನ ನೆತ್ತಿಗೆ ಗೀರುತ್ತದೆ. ಸ್ಲೈಡಿನ ಅಲೆ ಅಲೆಯಾದ ಬದಿ ನೆತ್ತಿಯ ಕಡೆಗಿರಲಿ, ನೇರ ಬದಿ ಮೇಲೆ. ಬಹಳ ಮಂದಿ ಇದನ್ನು ತಿರುಗಾಮುರುಗಾ ಹಾಕುತ್ತಾರೆ.

ಎಲ್ಸಾಳ ಜಡೆ

2013ರ ‘ಫ್ರೋಝನ್’ ಚಿತ್ರದ ಎಲ್ಸಾಳ ಗುರುತು: ಹಣೆಯಿಂದ ಹಿಂದಕ್ಕೆ ಸರಿದ ಉಬ್ಬು ಕೂದಲು, ಎಡ ಭುಜದ ಮೇಲೆ ಮುಂದಕ್ಕೆ ಬಿದ್ದ ದಪ್ಪ ಒಂಟಿ ಜಡೆ. ಬೈತಲೆ ತೆಗೆಯಬೇಡಿ. ಬೈತಲೆ ಬಂದ ಕೂಡಲೇ ಅದು ದಿನಾ ಶಾಲೆಗೆ ಹೋಗುವ ಜಡೆಯಾಗಿಬಿಡುತ್ತದೆ.

ಮಗುವನ್ನು ಸ್ಟೂಲಿನ ಮೇಲೆ ಕೂರಿಸಿ, ತಲೆ ನಿಮ್ಮ ಎದೆಯ ಮಟ್ಟಕ್ಕೆ ಬರಲಿ. ಅಂಗೈಗೆ ಅರ್ಧ ಚಮಚ ಜೆಲ್ ಹಾಕಿ, ಎರಡೂ ಕೈಗೆ ಹರಡಿ, ಕೂದಲಿನ ನಡುವಿನಿಂದ ತುದಿಯವರೆಗೆ ಸವರಿ. ನೆತ್ತಿಗೆ ಬೇಡ. ಎಲ್ಲವನ್ನೂ ಹಿಂದಕ್ಕೆ ಬಾಚಿ. ಬಲ ಹುಬ್ಬಿನ ತುದಿಯ ನೇರಕ್ಕೆ, ನೆತ್ತಿಯ ಹತ್ತಿರ, 5 ಸೆಂಟಿಮೀಟರ್ ಅಗಲದ ಹಿಡಿ ತೆಗೆದು ಮೂರು ಸಮ ಎಳೆ ಮಾಡಿ. ಬಲ ಎಳೆಯನ್ನು ನಡುವಿನದರ ಮೇಲೆ, ಆಮೇಲೆ ಎಡ ಎಳೆಯನ್ನು ನಡುವಿನದರ ಮೇಲೆ ದಾಟಿಸಿ. ಇಲ್ಲಿವರೆಗೆ ಮಾಮೂಲಿ ಜಡೆಯೇ.

ಎರಡು ಸುತ್ತು ಆದ ಮೇಲೆ ಫ್ರೆಂಚ್ ಜಡೆ ಶುರು. ಬಲ ಎಳೆಯನ್ನು ದಾಟಿಸುವ ಮೊದಲು, ಬಲ ಅಂಚಿನಿಂದ ಒಂದೂವರೆ ಸೆಂಟಿಮೀಟರ್ ಅಗಲದ ಪಟ್ಟಿಯನ್ನು ಕಿರುಬೆರಳಿನಿಂದ ಎತ್ತಿ ಆ ಎಳೆಗೆ ಸೇರಿಸಿ, ಎರಡನ್ನೂ ಒಟ್ಟಾಗಿ ನಡುವೆ ತನ್ನಿ. ಎಡಗಡೆಗೂ ಹೀಗೆಯೇ. ಜಡೆ ನೇರ ಕೆಳಗಿಳಿಯದೆ ಓರೆಯಾಗಿ ಎಡ ಕಿವಿಯ ಹಿಂಬದಿಗೆ ಹೋಗಬೇಕು. ಅದಕ್ಕೆ ಬಲಗಡೆಯ ಪಟ್ಟಿಗಳು ಉದ್ದ, ಎಡಗಡೆಯವು ಗಿಡ್ಡ ಬರುತ್ತವೆ. ಹೆದರಬೇಡಿ, ಅದು ಹಾಗೇ ಇರಬೇಕು. ಎಡ ಕಿವಿಯ ಕೆಳಗೆ ಬಂದಾಗ ಸೇರಿಸಲು ಕೂದಲು ಉಳಿದಿರುವುದಿಲ್ಲ. ಅಲ್ಲಿಂದ ಭುಜದ ಮುಂದೆ ತಂದು ಸಾದಾ ಜಡೆ ಹೆಣೆದು, ತುದಿಗೆ 4 ಸೆಂಟಿಮೀಟರ್ ಬಿಟ್ಟು ರಬ್ಬರ್ ಹಾಕಿ.

ಈಗ ಉಬ್ಬಿಸುವುದು. ತುದಿಯನ್ನು ಒಂದು ಕೈಯಲ್ಲಿ ಹಿಡಿದು, ಕೆಳಗಿನ ಹೆಣಿಗೆಯಿಂದ ಮೇಲಕ್ಕೆ ಹೋಗುತ್ತಾ ಪ್ರತಿ ಹೆಣಿಗೆಯ ಹೊರ ಅಂಚನ್ನು ಅರ್ಧ ಸೆಂಟಿಮೀಟರಿನಷ್ಟು ಹೊರಗೆಳೆಯಿರಿ. ಮೇಲಿನಿಂದ ಶುರು ಮಾಡಿದರೆ ಕೆಳಗಿನದನ್ನು ಎಳೆಯುವಾಗ ಮೇಲಿನದು ಮತ್ತೆ ಬಿಗಿಯುತ್ತದೆ. ಒಂದೇ ಸಲ ಜೋರಾಗಿ ಎಳೆಯುವುದಕ್ಕಿಂತ ಎರಡು ಸಲ ಮೆಲ್ಲಗೆ ಎಳೆಯುವುದು ಲೇಸು. ತೆಳು ಕೂದಲಿನ ಮಗುವಿಗೂ ಜಡೆ ದಪ್ಪ ಕಾಣುವುದು ಈ ಕೆಲಸದಿಂದಲೇ.

ಹೆಚ್ಚಾಗಿ ಕೆಡುವುದು ಕುತ್ತಿಗೆಯ ಹತ್ತಿರ. ಅಲ್ಲಿ ಬಾಚುವಾಗ ‘ತಲೆ ಬಗ್ಗಿಸು’ ಎಂದು ಹೇಳುತ್ತೇವೆ. ತಲೆ ಬಗ್ಗಿಸಿದಾಗ ಕುತ್ತಿಗೆಯ ಹಿಂದಿನ ಚರ್ಮ ಹಿಗ್ಗಿರುತ್ತದೆ. ಹೆಣೆದು ಮುಗಿಸಿ ಮಗು ತಲೆಯೆತ್ತಿದ ಕೂಡಲೇ ಅಲ್ಲಿ ಕೂದಲು ಸಡಿಲಾಗಿ ಚೀಲದಂತೆ ಜೋಲುತ್ತದೆ. ಕುತ್ತಿಗೆಯ ಭಾಗಕ್ಕೆ ಬಂದಾಗ ಗದ್ದ ನೇರವಾಗಿರಲಿ, ಬೇಕಾದರೆ ತುಸು ಮೇಲಕ್ಕೆ. ನಿಮ್ಮ ಕೈಯೂ ತಲೆಗೆ ತಾಗಿಕೊಂಡೇ ಇರಬೇಕು. ದೂರ ಹಿಡಿದು ಹೆಣೆದಷ್ಟು ಸಡಿಲ.

ಎಲ್ಸಾಳ ಬೆಳ್ಳನೆಯ ಬಣ್ಣಕ್ಕೆ ಬ್ಲೀಚ್, ಡೈ ಖಂಡಿತ ಬೇಡ. ಬಿಳಿ ಉಲ್ಲನ್ ನೂಲನ್ನು 60 ಸೆಂಟಿಮೀಟರ್ ಉದ್ದಕ್ಕೆ 12 ಎಳೆ ಕತ್ತರಿಸಿ, ಒಂದು ತುದಿ ಗಂಟು ಹಾಕಿ, ಜಡೆ ಶುರುವಾಗುವಲ್ಲಿ ಸ್ಲೈಡಿನಿಂದ ಸಿಕ್ಕಿಸಿ ಮೂರು ಎಳೆಗೂ ನಾಲ್ಕು ನಾಲ್ಕು ಹಂಚಿ ಹೆಣೆಯಿರಿ. ಕೂದಲು ಭುಜದವರೆಗೆ ಮಾತ್ರ ಇದ್ದರೂ ಈ ನೂಲೇ ಉದ್ದ ಕೊಡುತ್ತದೆ. ತಂಗಿ ಆನಾಳ ಪಾತ್ರವಾದರೆ ನಡು ಬೈತಲೆ, ಎರಡೂ ಭುಜದ ಮುಂದೆ ಎರಡು ಸಾದಾ ಜಡೆ. ಅವಳದು ಅರ್ಧ ಕೆಲಸ.

2010ರ ‘ಟ್ಯಾಂಗಲ್ಡ್’ ಚಿತ್ರದಲ್ಲಿ ಪುಟ್ಟ ಹುಡುಗಿಯರು ರಪುಂಜೆಲ್‌ಳ ಕೂದಲಿಗೆ ಹೂ ಮುಡಿಸಿ ಜಡೆ ಹಾಕುವ ದೃಶ್ಯ ನೆನಪಿದ್ದರೆ, ನಮ್ಮ ಮನೆಗಳಿಗೆ ಅದಕ್ಕಿಂತ ಹತ್ತಿರದ ಪಾತ್ರ ಇನ್ನೊಂದಿಲ್ಲ. ಚೌರಿ ಸೇರಿಸಿ ಸೊಂಟದವರೆಗೆ ಹೆಣೆದು, ಯು ಪಿನ್ನಿನಲ್ಲಿ ಸೇವಂತಿಗೆ, ಮಲ್ಲಿಗೆ ಸಿಕ್ಕಿಸಿ. ಅಂಗಳದ ಕೇಪುಳದ ಹೂವೂ ಚಂದವೇ, ಆದರೆ ಅದರ ಗೊಂಚಲಿನೊಳಗೆ ಇರುವೆ ಅಡಗಿರುತ್ತದೆ. ಹತ್ತು ನಿಮಿಷ ನೀರಿನಲ್ಲಿ ಮುಳುಗಿಸಿ, ಕೊಡವಿ, ಒಣಗಿಸಿ ಮುಡಿಸಿ.

ರೇ ಮತ್ತು ಲೀಯಾ

ಸ್ಟಾರ್ ವಾರ್ಸ್ ಸರಣಿಯ ಈ ಇಬ್ಬರನ್ನು ತುರುಬಿನಿಂದಲೇ ಗುರುತಿಸುತ್ತಾರೆ. 1977ರ ಮೊದಲ ಚಿತ್ರದ ಲೀಯಾಳಿಗೆ ಎರಡು ಕಿವಿಯ ಮೇಲೆ ಎರಡು ದೊಡ್ಡ ಸುರುಳಿ ತುರುಬು. 2015ರಲ್ಲಿ ಬಂದ ರೇಗೆ ತಲೆಯ ಹಿಂದೆ ಮೇಲಿನಿಂದ ಕೆಳಗೆ ಸಾಲಾಗಿ ಮೂರು.

ರೇ ಸುಲಭ. ಭುಜ ಮುಟ್ಟುವಷ್ಟು ಕೂದಲು ಸಾಕು. ಕಿವಿಯ ಮೇಲ್ತುದಿಯ ಗೆರೆಗಿಂತ ಮೇಲಿನದು ಒಂದು ಪಾಲು, ಅಲ್ಲಿಂದ ಕಿವಿಯ ಕೆಳತುದಿಯವರೆಗೆ ಇನ್ನೊಂದು, ಕುತ್ತಿಗೆಯದು ಮೂರನೆಯದು. ಪ್ರತಿ ಪಾಲಿಗೂ ರಬ್ಬರ್ ಎರಡು ಸುತ್ತು ಹಾಕಿ, ಮೂರನೇ ಸುತ್ತಿನಲ್ಲಿ ಕೂದಲನ್ನು ಅರ್ಧ ಮಾತ್ರ ಹೊರಗೆಳೆದರೆ ಕುಣಿಕೆ ನಿಲ್ಲುತ್ತದೆ. ಉಳಿದ ಬಾಲವನ್ನು ಬುಡಕ್ಕೆ ಸುತ್ತಿ ಸ್ಲೈಡ್ ಹಾಕಿ. ಮೂರೂ ಒಂದೇ ಗೆರೆಯಲ್ಲಿರಬೇಕು. ಬದಿಗೆ ನಿಂತಲ್ಲ, ಹಿಂದೆ ಎರಡು ಮಾರು ದೂರ ಹೋಗಿ ನೋಡಿ.

ಲೀಯಾಳಿಗೆ ಮಕ್ಕಳ ಕೂದಲು ಸಾಲುವುದಿಲ್ಲ. ಹಳೆಯ ಕಪ್ಪು ಕಾಲುಚೀಲ ಎರಡರ ಬೆರಳಿನ ಭಾಗ ಕತ್ತರಿಸಿ, ಉಳಿದದ್ದನ್ನು ಸುರುಳಿ ಸುತ್ತಿ ಬಳೆಯಂತೆ ಮಾಡಿ. ಹಣೆಯಿಂದ ಕುತ್ತಿಗೆಯವರೆಗೆ ನೇರ ಬೈತಲೆ ತೆಗೆದು, ಕಿವಿಯ ಮೇಲೆ ತುಸು ಹಿಂದಕ್ಕೆ ಎರಡು ಜುಟ್ಟು ಕಟ್ಟಿ. ಜುಟ್ಟನ್ನು ಬಳೆಯೊಳಗೆ ತೂರಿಸಿ ಕೂದಲನ್ನು ಸುತ್ತ ಹರಡಿ, ಬಳೆ ಮುಚ್ಚುವಂತೆ ಇನ್ನೊಂದು ರಬ್ಬರ್ ಹಾಕಿ. ಉಳಿದ ಬಾಲವನ್ನು ತಿರುಚಿ ಸುತ್ತಲೂ ಸುತ್ತಿ.

ತುರುಬಿಗೆ ಪಿನ್ನು ಹಾಕುವ ಕೈಚಳಕವನ್ನು ಒಮ್ಮೆ ಕಲಿತರೆ ಸಾಕು. ಯು ಪಿನ್ನನ್ನು ಹೊರಗಿನಿಂದ, ತಲೆಗೆ ನೆಟ್ಟಗೆ ಹಿಡಿದು, ತುರುಬಿನ ಅಂಚಿನ ನಾಲ್ಕಾರು ಕೂದಲನ್ನು ಮಾತ್ರ ಹಿಡಿಯಿರಿ. ತುದಿ ನೆತ್ತಿಗೆ ತಾಗಿತೆನ್ನುವಾಗ ಪಿನ್ನನ್ನು ಮಲಗಿಸಿ, ಅದರ ಬಾಗಿದ ತುದಿಯನ್ನು ಹೊರಕ್ಕೆ ತಿರುಗಿಸಿ, ತುರುಬಿನ ನಡುವಿನ ಕಡೆಗೆ ತಳ್ಳಿ. ಆಗ ತುರುಬೂ ನೆತ್ತಿಯ ಕೂದಲೂ ಒಂದಕ್ಕೊಂದು ಹೆಣೆದುಕೊಳ್ಳುತ್ತವೆ. ಗಡಿಯಾರದ 12, 3, 6, 9ರ ಜಾಗದಲ್ಲಿ ನಾಲ್ಕು ಪಿನ್ನು ಹಾಕಿದರೆ ಕುಣಿದರೂ ಅಲುಗದು. ನೇರ ಚುಚ್ಚಿದ ಹತ್ತು ಪಿನ್ನು ಇದಕ್ಕೆ ಸಮವಲ್ಲ.

ಮೆರಿಡಾಳ ಗುಂಗುರು

2012ರ ‘ಬ್ರೇವ್’ ಚಿತ್ರದ ಮೆರಿಡಾಳಿಗೆ ಕಾದ ಕಬ್ಬಿಣದ ಸಾಧನ ಬೇಡ. ಮಕ್ಕಳು ಅಲುಗುತ್ತಾರೆ, ಕಿವಿ ಸುಡುತ್ತದೆ. ಹಳೆಯ ಪಂಚೆಯನ್ನು 3 ಸೆಂಟಿಮೀಟರ್ ಅಗಲ, 20 ಸೆಂಟಿಮೀಟರ್ ಉದ್ದದ ಪಟ್ಟಿಗಳಾಗಿ ಹರಿದಿಡಿ, ಸುಮಾರು 25 ಬೇಕು. ಸಂಜೆ ಕೂದಲು ಮುಕ್ಕಾಲು ಒಣಗಿದ್ದಾಗ ಜೆಲ್ ಸವರಿ, 2 ಸೆಂಟಿಮೀಟರ್ ಅಗಲದ ಎಳೆಯ ತುದಿಯನ್ನು ಪಟ್ಟಿಯ ನಡುವಿಗೆ ಇಟ್ಟು ಬುಡದವರೆಗೆ ಸುತ್ತಿ ಗಂಟು ಹಾಕಿ. ತುದಿ ಮಡಚಿಕೊಂಡರೆ ಬೆಳಿಗ್ಗೆ ಗಾಳದಂತೆ ಸೆಟೆದು ನಿಲ್ಲುತ್ತದೆ, ಅದನ್ನು ಆಮೇಲೆ ಸರಿಪಡಿಸಲು ಬಾರದು. ಪೂರ್ತಿ ಒಣಗದೆ ಬಿಚ್ಚಿದರೆ ಸುರುಳಿ ಅರ್ಧ ಗಂಟೆಯಲ್ಲಿ ಇಳಿಯುತ್ತದೆ. ಹಾಗಾಗಿ ಬೆಳಿಗ್ಗೆ ಮೊದಲು ಒಂದನ್ನೇ ಬಿಚ್ಚಿ ಮುಟ್ಟಿ ನೋಡಿ. ತಣ್ಣಗಿದ್ದರೆ ಇನ್ನೂ ತೇವವಿದೆ, ಫ್ಯಾನಿನ ಎದುರು ಅರ್ಧ ಗಂಟೆ ಕೂರಿಸಿ. ಬಿಚ್ಚಿದ ಮೇಲೆ ಬಾಚಣಿಗೆ ಮುಟ್ಟಬೇಡಿ. ಎರಡೇ ಹನಿ ತೆಂಗಿನೆಣ್ಣೆ ಬೆರಳಿಗೆ ಸವರಿಕೊಂಡು ಸುರುಳಿಗಳನ್ನು ಒಂದೊಂದಾಗಿ ಬಿಡಿಸಿ.

ಗಂಡುಮಕ್ಕಳಿಗೆ

ಅಷ್ಟಮಿಯ ಶೋಭಾಯಾತ್ರೆಗೆ ಪೌರಾಣಿಕ ಚಿತ್ರಗಳ ಬಾಲಕೃಷ್ಣನ ಮುಡಿ ಬೇಕಾದರೆ, ಎರಡು ಕಿವಿಯ ತುದಿಯಿಂದ ಮೇಲಕ್ಕೆ ಗೆರೆ ಎಳೆದಾಗ ಸೇರುವ ಜಾಗವೇ ಮುಡಿಯ ಸ್ಥಾನ. ಹಿಂದಕ್ಕೆ ಹೋದರೆ ಋಷಿಯ ಜಟೆಯಾಗುತ್ತದೆ. ಕ್ರಾಪು ತಲೆಗೆ 2 ಸೆಂಟಿಮೀಟರ್ ಅಗಲದ ಕಪ್ಪು ಇಲಾಸ್ಟಿಕ್ ಪಟ್ಟಿಯನ್ನು ಗದ್ದದ ಕೆಳಗಿನಿಂದಲ್ಲ, ಕುತ್ತಿಗೆಯ ಹಿಂದಿನಿಂದ ಸುತ್ತಿಸಿ, ಅದಕ್ಕೆ 8 ಸೆಂಟಿಮೀಟರ್ ಅಗಲದ ಕಪ್ಪು ಉಲ್ಲನ್ ಉಂಡೆ ಹೊಲಿಯಿರಿ, ಹೊಲಿಗೆಯನ್ನು ಮುತ್ತಿನ ಸರ ಮುಚ್ಚುತ್ತದೆ. ನವಿಲುಗರಿಯ ಕಡ್ಡಿಯ ತುದಿ ಕತ್ತರಿಸಿ ಬಟ್ಟೆಯ ಟೇಪ್ ಸುತ್ತಿಯೇ ಸಿಕ್ಕಿಸಿ. ಮಗು ಓಡುವಾಗ ಅದು ನೆತ್ತಿಗೆ ಚುಚ್ಚಬಾರದು.

2018ರ ‘ಕೆಜಿಎಫ್’ನ ರಾಕಿಗೆ ಕೂದಲು 10 ಸೆಂಟಿಮೀಟರ್ ಆದರೂ ಇರಬೇಕು. ತೇವದ ಕೂದಲಿಗೆ ಒಂದು ಚಮಚ ಜೆಲ್, ಬೈತಲೆಯಿಲ್ಲದೆ ಹಿಂದಕ್ಕೆ ಬಾಚಿ, ಫ್ಯಾನಿನಲ್ಲಿ ಹತ್ತು ನಿಮಿಷ ಒಣಗಿಸಿ, ಅಗಲ ಹಲ್ಲಿನ ಬಾಚಣಿಗೆಯಿಂದ ಒಮ್ಮೆ ಮಾತ್ರ ಬಿಡಿಸಿ. ಗಡ್ಡಕ್ಕೆ ಸ್ಪಂಜಿನ ತುಂಡಿಗೆ ಕಾಡಿಗೆ ತಾಗಿಸಿ ಮೆಲ್ಲಗೆ ಒತ್ತಿ, ಮೇಲೆ ಪೌಡರ್ ಹಚ್ಚಿ. ಇಲ್ಲದಿದ್ದರೆ ಬೆವರಿಗೆ ಕತ್ತಿನವರೆಗೆ ಇಳಿಯುತ್ತದೆ.

ಹೊರಡುವ ಮೊದಲು, ಬಂದ ಮೇಲೆ

ಬಾಚಿ ಮುಗಿದ ಮೇಲೆ ಮಗುವಿಗೆ ಹುಬ್ಬು ಹಾರಿಸಲು ಹೇಳಿ. ಹುಬ್ಬು ಸಲೀಸಾಗಿ ಏಳದಿದ್ದರೆ, ಕೂದಲ ಬುಡದ ಚರ್ಮ ಗುಳ್ಳೆಯಂತೆ ಎದ್ದಿದ್ದರೆ ತೀರಾ ಬಿಗಿಯಾಗಿದೆ. ರಬ್ಬರ್ ಸಡಿಲಿಸಿ. ಪೆರ್ಲ, ಬದಿಯಡ್ಕದ ಕಡೆಯಿಂದ ಬೈಕಿನಲ್ಲಿ ಹೋಗುವವರು ಹೆಲ್ಮೆಟ್ ಹಾಕಿಸಲೇಬೇಕಾದ್ದರಿಂದ, ತುರುಬಿನ ಪಾತ್ರವಾದರೆ ತುರುಬನ್ನು ಕಾರ್ಯಕ್ರಮದ ಜಾಗಕ್ಕೆ ಹೋಗಿಯೇ ಕಟ್ಟಿ. ಜಡೆಯಾದರೆ ಮೊದಲೇ ಹಾಕಿ, ತೆಳು ಹತ್ತಿ ಬಟ್ಟೆ ಸುತ್ತಬಹುದು. ಬಣ್ಣ ಬಳಿಯುವ ಕೋಣೆಯಲ್ಲಿ ಬೇರೆಯವರ ಬಾಚಣಿಗೆ, ಚೌರಿ ತೆಗೆದುಕೊಳ್ಳಬೇಡಿ, ಹೇನು ಹೀಗೆಯೂ ಬರಬಹುದು.

ರಾತ್ರಿ ಮಲಗುವ ಮೊದಲು ಎಲ್ಲ ಪಿನ್ನೂ ಎಣಿಸಿ ತೆಗೆಯಿರಿ. ಹಾಕಿದ ಲೆಕ್ಕ ಬರೆದಿಟ್ಟಿದ್ದರೆ ಒಂದೂ ಉಳಿಯದು. ಸಣ್ಣ ರಬ್ಬರನ್ನು ಎಳೆಯದೆ ಕತ್ತರಿಯ ತುದಿಯಿಂದ ಕತ್ತರಿಸಿ, ಅಂಟಿಕೊಂಡಿದ್ದರೆ ಒಂದು ಹನಿ ತೆಂಗಿನೆಣ್ಣೆ ಬಿಟ್ಟು ಜಾರಿಸಿ. ಆಮೇಲೆ ಬೆರಳಿನಿಂದ, ತುದಿಯಿಂದ ಮೇಲಕ್ಕೆ ಸಿಕ್ಕು ಬಿಡಿಸಿ, ನೆತ್ತಿಗೆ ಧಾರಾಳ ಎಣ್ಣೆ ಹಚ್ಚಿ ಮಲಗಿಸಿ. ಜೆಲ್ಲು ಮರುದಿನ ಸ್ನಾನದಲ್ಲಿ ಹೋಗುತ್ತದೆ.