ಕ್ಯಾಶುವಾಲ್ಟಿ ಕೇಸ್ ಶೀಟ್: ಗಡಿಯಾರದಿಂದ ಶುರು ಮಾಡಿದೆವು

ನಮ್ಮ ತುರ್ತು ಚಿಕಿತ್ಸಾ ವಿಭಾಗದ ಕೇಸ್ ಶೀಟ್ ಸರಿಮಾಡಲು ಕೂತಾಗ ಮೊದಲು ಕೈಹಾಕಿದ್ದು ಫಾರಂಗಲ್ಲ, ಗಡಿಯಾರಗಳಿಗೆ. ಗೋಡೆ ಗಡಿಯಾರ, ಇಸಿಜಿ ಯಂತ್ರ, ಮಾನಿಟರ್, ಡಿಫಿಬ್ರಿಲೇಟರ್, ನೋಂದಣಿ ಕೌಂಟರಿನ ಕಂಪ್ಯೂಟರ್, ಎಲ್ಲದರಲ್ಲೂ ಬೇರೆ ಬೇರೆ ಹೊತ್ತು. ಎದೆನೋವೆಂದು ಬಂದವರಿಗೆ 10 ನಿಮಿಷದೊಳಗೆ ಇಸಿಜಿ ಆಗಬೇಕು. ಯಂತ್ರದ ಗಡಿಯಾರ ಹತ್ತು ನಿಮಿಷ ಹಿಂದಿದ್ದರೆ ರೋಗಿ ಬಾಗಿಲು ದಾಟುವ ಮೊದಲೇ ಇಸಿಜಿ ತೆಗೆದಂತೆ ಕಾಗದ ಹೇಳುತ್ತದೆ. ಅಂಥ ದಾಖಲೆ ಇಟ್ಟುಕೊಂಡು ಏನನ್ನೂ ಅಳೆಯಲಾಗದು. ಮೊಬೈಲ್ ನೆಟ್‌ವರ್ಕಿನ ಸಮಯವನ್ನೇ ಪ್ರಮಾಣ ಮಾಡಿಕೊಂಡೆವು. ಪ್ರತಿ ಸೋಮವಾರ ಬೆಳಗಿನ ಪಾಳಿಯ ಸಿಸ್ಟರ್ ಎಲ್ಲ ಯಂತ್ರಗಳನ್ನೂ ಅದಕ್ಕೆ ಹೊಂದಿಸಿ ಪುಸ್ತಕದಲ್ಲಿ ಸಹಿ ಹಾಕುತ್ತಾರೆ. ಯಂತ್ರ ರಿಪೇರಿಗೆ ಹೋಗಿ ಬಂದರೆ ಅಥವಾ ಬ್ಯಾಟರಿ ಬದಲಾದರೆ ಸೋಮವಾರಕ್ಕೆ ಕಾಯುವುದಿಲ್ಲ. ಬರೆಯುವುದು 24 ಗಂಟೆಯ ಲೆಕ್ಕದಲ್ಲಿ ಮಾತ್ರ. ಬರೀ '7.30' ಎಂದಿದ್ದರೆ ಅದು ಬೆಳಗೋ ರಾತ್ರಿಯೋ ಮರುದಿನ ಯಾರಿಗೂ ತಿಳಿಯುವುದಿಲ್ಲ.

ಎರಡನೆಯದು ಕಾಗದ ಇರುವ ಜಾಗ. ಕೇಸ್ ಶೀಟ್ ಡಾಕ್ಟರ ಮೇಜಿನ ಮೇಲಿದ್ದು ರೋಗಿ ಟ್ರಾಲಿಯಲ್ಲಿದ್ದರೆ ಬರವಣಿಗೆ ನೆನಪಿನಿಂದಲೇ ಆಗುವುದು. ಇದನ್ನು ಗುರುತಿಸುವುದು ಸುಲಭ: 10.00, 10.15, 10.30 ಎಂದು ಸಮಯಗಳೆಲ್ಲ ಸೊನ್ನೆಯಲ್ಲೋ ಐದರಲ್ಲೋ ಮುಗಿದಿದ್ದರೆ ಆ ಶೀಟು ಪಾಳಿಯ ಕೊನೆಗೆ ಒಂದೇ ಉಸಿರಿಗೆ ಬರೆದದ್ದು. ಪ್ರತಿ ಟ್ರಾಲಿಯ ಕಾಲ ಕಡೆಯ ಕಂಬಿಗೆ ಕ್ಲಿಪ್ ಇರುವ ರಟ್ಟು ಕಟ್ಟಿ, ದಾರದಲ್ಲಿ ಪೆನ್ನು ಕಟ್ಟಿದೆವು. ಶೀಟಿನ ಎಡಕ್ಕೆ ಎರಡು ಬೆರಳಗಲದ ಸಮಯದ ಖಾನೆ, ನಡುವೆ ಅಗಲವಾದ ಜಾಗ, ಬಲಕ್ಕೆ ಸಹಿ. ಡಾಕ್ಟರೂ ಸಿಸ್ಟರೂ ಅದೇ ಹಾಳೆಯಲ್ಲಿ ಒಂದರ ಕೆಳಗೊಂದು ಬರೆಯುತ್ತಾರೆ. ಪ್ರತ್ಯೇಕ ಹಾಳೆಗಳಿದ್ದಾಗ ಡಾಕ್ಟರು ಬರೆದ ಔಷಧಿ ಕೊಟ್ಟಾಯಿತೋ ಇಲ್ಲವೋ ಎಂದು ಎರಡು ಕಡೆ ಹುಡುಕಬೇಕಿತ್ತು, ಅದರಿಂದಲೇ ಒಂದೇ ಡೋಸ್ ಎರಡು ಸಲ ಹೋಗುವ ಅಪಾಯವೂ ಇತ್ತು.

ಮೂರನೆಯದು ರೋಗಿಯ ಮಾತು. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಹೆಚ್ಚು ತಪ್ಪುವುದು ಇಲ್ಲೇ. ರೋಗಿ ಹೇಳುವುದು ಕನ್ನಡದಲ್ಲಿ, ನಾವು ಬರೆಯುವುದು ಇಂಗ್ಲಿಷಿನಲ್ಲಿ. ನಡುವೆ ಅರ್ಥ ಸೋರಿಹೋಗುತ್ತದೆ. 'ಸಂಕಟ' ಒಬ್ಬರಿಗೆ ವಾಕರಿಕೆ, ಇನ್ನೊಬ್ಬರಿಗೆ ಎದೆಯ ತಳಮಳ. 'ಸುಸ್ತು' ಎಂದರೆ ನಿಶ್ಶಕ್ತಿಯಾಗಿರಬಹುದು, ಏದುಸಿರಿರಬಹುದು, ಕಣ್ಣು ಕತ್ತಲಿಟ್ಟದ್ದೂ ಇರಬಹುದು. ಸಕ್ಕರೆ ಕಾಯಿಲೆಯ ಅಜ್ಜಿ 'ಗ್ಯಾಸ್ ಆಗೈತೆ' ಎಂದರೆ ಹಾಳೆಯಲ್ಲಿ ಗ್ಯಾಸ್ಟ್ರೈಟಿಸ್ ಎಂದು ಕೂತುಬಿಡುತ್ತದೆ. ಆಮೇಲೆ ನೋಡುವವರೆಲ್ಲ ಅದನ್ನೇ ನಂಬಿ, ಹೃದಯಾಘಾತದ ಅನುಮಾನ ಬಾರದೆ, ಇಸಿಜಿ ಮರೆಯುತ್ತಾರೆ. ಈಗ ಮೊದಲ ಸಾಲು ರೋಗಿಯದೇ ಮಾತು, ಕನ್ನಡ ಲಿಪಿಯಲ್ಲಿ, ಉದ್ಧರಣ ಚಿಹ್ನೆಯೊಳಗೆ. ನಮ್ಮ ಅನುವಾದ ಅದರ ಕೆಳಗಿನ ಸಾಲು. ಕನ್ನಡ ಬಾರದ ಹೌಸ್ ಸರ್ಜನ್ (ತರಬೇತಿಯಲ್ಲಿರುವ ಡಾಕ್ಟರ್) ಇದ್ದರೆ ಆ ಒಂದು ಸಾಲನ್ನು ಸಿಸ್ಟರ್ ಬರೆದುಕೊಡುತ್ತಾರೆ.

ಹೊತ್ತು ಕೇಳುವುದೂ ಹೀಗೇ. 'ಎಷ್ಟು ಗಂಟೆಗೆ ಕೈಕಾಲು ಬಿದ್ದುಹೋಯ್ತು' ಎಂದು ಕೇಳಿದರೆ ನೋಡಿದವರು ತಾವು ನೋಡಿದ ಹೊತ್ತು ಹೇಳುತ್ತಾರೆ. ಲಕ್ವದ ರೋಗಿಗೆ ಬೇಕಾದದ್ದು ಅದಲ್ಲ, ಕೊನೆಯ ಸಲ ಸರಿಯಿದ್ದದ್ದು ಯಾವಾಗ ಎಂಬುದು. ರಕ್ತದ ಹೆಪ್ಪು ಕರಗಿಸುವ ಇಂಜೆಕ್ಷನ್ನಿನ ನಾಲ್ಕೂವರೆ ಗಂಟೆ ಎಣಿಸುವುದು ಅಲ್ಲಿಂದ. 'ರಾತ್ರಿ ಮಲಗೋವಾಗ ಚೆನ್ನಾಗಿದ್ರಾ? ನಡುವೆ ಎದ್ದು ಬಚ್ಚಲಿಗೆ ಹೋಗಿದ್ರಾ? ಆಗ ಮಾತಾಡಿದ್ರಾ?' ಎಂದು ಮೂರು ಪ್ರಶ್ನೆ ಕೇಳಿ. 'ಹಾಲು ಕರೆಯೋ ಹೊತ್ತಿಗೆ', 'ಮೊದಲ ಬಸ್ಸು ಬಂದಾಗ' ಎಂಬ ಉತ್ತರ ಬಂದರೆ ಅದನ್ನು ಹಾಗೆಯೇ ಬರೆದು, ಅವರೂರಿಗೆ ಆ ಬಸ್ಸು ಎಷ್ಟಕ್ಕೆ ಬರುತ್ತದೆಂದು ಕೇಳಿ ಪಕ್ಕದಲ್ಲಿ ಗಂಟೆ ಹಾಕುತ್ತೇವೆ.

ವಿಷ ಕುಡಿದು ಬಂದವರ ಹಾಳೆಯೇ ಬೇರೆ. 'ಹುಳದ ಔಷಧಿ' ಎಂದಷ್ಟೇ ಬರೆದರೆ ಮುಂದಿನ ಪಾಳಿಯವರು ಕುರುಡಾಗುತ್ತಾರೆ. ಬಾಟಲಿಯ ಚೀಟಿಯಲ್ಲಿರುವ ರಾಸಾಯನಿಕದ ಹೆಸರು, ಶೇಕಡಾ ಪ್ರಮಾಣ, ಬಾಟಲಿಯಲ್ಲಿ ಉಳಿದದ್ದೆಷ್ಟು, ಕುಡಿದ ಹೊತ್ತು ನಾಲ್ಕೂ ಬೇಕು. ಬಾಟಲಿ ಮನೆಯಲ್ಲೇ ಉಳಿದಿದ್ದರೆ ಫೋಟೊ ತರಿಸಿ. ಕಳೆನಾಶಕ ಪ್ಯಾರಾಕ್ವಾಟ್ ಎಂದು ತಿಳಿದರೆ ಆಮ್ಲಜನಕ ಕೊಡುವುದರಲ್ಲೇ ಕೈ ಬಿಗಿಹಿಡಿಯಬೇಕು, ಹೆಸರು ಬೇಕಾಗುವುದು ಇದಕ್ಕೇ.

ಕುಡಿದದ್ದು ಆರ್ಗನೋಫಾಸ್ಫೇಟ್ ಗುಂಪಿನ ಕೀಟನಾಶಕ ಆಗಿದ್ದರೆ, ಅದಕ್ಕೆ ಕೊಡುವ ಮದ್ದಾದ ಅಟ್ರೋಪಿನ್‌ನ ಚಾರ್ಟ್ ತೆರೆಯುತ್ತೇವೆ. ಐದು ನಿಮಿಷಕ್ಕೊಂದು ಸಾಲು. ಪ್ರತಿ ಸಾಲಿನಲ್ಲಿ ನಾಡಿ, ರಕ್ತದೊತ್ತಡ, ಶ್ವಾಸಕೋಶದ ಸದ್ದು, ಕಣ್ಣಿನ ಪಾಪೆ, ಕಂಕುಳ ಒದ್ದೆಯೋ ಒಣಗಿದೆಯೋ, ಕೊಟ್ಟ ಡೋಸ್, ಈವರೆಗಿನ ಒಟ್ಟು. 0.6 ಮಿ.ಗ್ರಾಂ ಆಂಪೂಲ್ ಮೂರು ಒಡೆದರೆ 1.8 ಮಿ.ಗ್ರಾಂ. ಗುರಿ ಮುಟ್ಟದಿದ್ದರೆ ಐದು ನಿಮಿಷಕ್ಕೆ ಇಮ್ಮಡಿ, ಅಂದರೆ 3.6, ಆಮೇಲೆ 7.2. ಅಲ್ಲಿಗೆ ಎದೆ ತಿಳಿಯಾಗಿ, ನಾಡಿಯೂ ಮೇಲಿನ ರಕ್ತದೊತ್ತಡವೂ 80 ದಾಟಿ, ಕಂಕುಳ ಒಣಗಿದರೆ ಒಟ್ಟು 12.6 ಮಿ.ಗ್ರಾಂ ಆಯಿತು. ಮುಂದಿನ ಡ್ರಿಪ್ ಗಂಟೆಗೆ ಈ ಒಟ್ಟಿನ ಶೇ. 10ರಿಂದ 20, ಸುಮಾರು 1.3ರಿಂದ 2.5 ಮಿ.ಗ್ರಾಂ. 'ಅಟ್ರೋಪಿನ್ ಕೊಡಲಾಯಿತು' ಎಂದು ಬರೆದಿದ್ದರೆ ಈ ಲೆಕ್ಕವನ್ನು ಐಸಿಯುನವರು ಎಲ್ಲಿಂದ ತರಬೇಕು? ಒಡೆದ ಆಂಪೂಲುಗಳನ್ನು ಟ್ರೇನಲ್ಲೇ ಉಳಿಸಿ, ಚಾರ್ಟಿನೊಂದಿಗೆ ಎಣಿಸಿ ತಾಳೆ ನೋಡಿದ ಮೇಲೇ ಬಿಸಾಡುತ್ತೇವೆ. ಡೋಸ್ ಮಿತಿಮೀರಿದರೆ ಜ್ವರ, ಗೊಂದಲ, ಕರುಳಿನ ಸದ್ದಿಲ್ಲದಿರುವುದು ಕಾಣುತ್ತದೆ. ಅದಕ್ಕೂ ಚಾರ್ಟಿನಲ್ಲಿ ಖಾನೆ ಇದೆ.

ಹಾವು ಕಡಿತದಲ್ಲಿ ಊತದ ಅಂಚಿಗೆ ಚರ್ಮದ ಮೇಲೇ ಪೆನ್ನಿನಿಂದ ಗೆರೆ ಎಳೆದು ಗೆರೆಯ ಪಕ್ಕ ಹೊತ್ತು ಬರೆಯಿರಿ. ಗೆರೆ ದಾಟಿತೋ ಇಲ್ಲವೋ ಯಾರು ಬೇಕಾದರೂ ನೋಡಬಹುದು. 20 ನಿಮಿಷದ ರಕ್ತ ಹೆಪ್ಪುಗಟ್ಟುವ ಪರೀಕ್ಷೆಗೆ ಒಣಗಿದ, ಹೊಸ ಗಾಜಿನ ನಳಿಕೆ ಬೇಕು. ಸೋಪು ಹಾಕಿ ತೊಳೆದ ನಳಿಕೆಯಲ್ಲಿ, ಪ್ಲಾಸ್ಟಿಕ್ಕಿನಲ್ಲಿ ಫಲಿತಾಂಶ ಸುಳ್ಳಾಗುತ್ತದೆ. 2 ಮಿ.ಲೀ. ರಕ್ತ ಹಾಕಿದ ಹೊತ್ತು, ಬಾಗಿಸಿ ನೋಡಿದ ಹೊತ್ತು ಎರಡನ್ನೂ ನಳಿಕೆಗೆ ಅಂಟಿಸಿದ ಪ್ಲಾಸ್ಟರಿನ ಮೇಲೆ ಬರೆಯುತ್ತೇವೆ. ನಡುವೆ ಯಾರೋ ಅಲ್ಲಾಡಿಸಿ ನೋಡಿದರೆ ಮತ್ತೆ ಹೊಸದಾಗಿ ಮಾಡಬೇಕು. ಕಟ್ಟಿಕೊಂಡು ಬಂದ ಬಟ್ಟೆಯನ್ನು ಬಿಚ್ಚಿದ ಹೊತ್ತು, ಪ್ರತಿವಿಷದ ವೈಯಲ್ ಸಂಖ್ಯೆ ಮತ್ತು ಬ್ಯಾಚ್ ನಂಬರು ಸಹ ದಾಖಲಾಗಬೇಕು. 2024ರಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿತು. ಹಾಳೆ ಸರಿಯಿದ್ದರೆ ಆ ವರದಿಗೆ ಮತ್ತೆ ಹುಡುಕಾಟವಿಲ್ಲ.

ಎಂಎಲ್‌ಸಿ, ಅಂದರೆ ಪೊಲೀಸು-ಕೋರ್ಟಿಗೆ ಸಂಬಂಧಿಸಿದ ಕೇಸುಗಳ ವಿಷಯಕ್ಕೆ ಬಂದರೆ, 'ತಲೆಗೆ ಗಾಯ' ಎಂಬುದು ಗಾಯದ ವಿವರಣೆಯೇ ಅಲ್ಲ. ಉದ್ದ, ಅಗಲ, ಆಳ ಸೆಂಟಿಮೀಟರಿನಲ್ಲಿ, ಕಿವಿಯಿಂದಲೋ ಹುಬ್ಬಿನಿಂದಲೋ ಎಷ್ಟು ದೂರ, ಅಂಚು ಹೇಗಿದೆ, ಸುತ್ತ ಚರ್ಮದ ಬಣ್ಣವೇನು, ಇಷ್ಟೂ ಇರಬೇಕು. ತಲೆಯ ಮೇಲೆ ದೊಣ್ಣೆಯೇಟು ಬಿದ್ದರೂ ಗಾಯ ಕತ್ತಿಯಿಂದ ಕೊಯ್ದಂತೆ ನೇರವಾಗಿ ಕಾಣುತ್ತದೆ, ಕೆಳಗೆ ಮೂಳೆ ಇರುವುದರಿಂದ ಚರ್ಮ ಸೀಳಿಕೊಳ್ಳುತ್ತದೆ. ಭೂತಗನ್ನಡಿ ಹಿಡಿದು ನೋಡಿ: ಗಾಯದ ನಡುವೆ ಅಂಗಾಂಶದ ಎಳೆಗಳು ಸೇತುವೆಯಂತೆ ಉಳಿದಿದ್ದು, ಕೂದಲ ಬುಡ ಜಜ್ಜಿದ್ದರೆ ಅದು ಕೊಯ್ದದ್ದಲ್ಲ. ಹೊಲಿಗೆ ಹಾಕಿದ ಮೇಲೆ ಇದು ಕಾಣುವುದಿಲ್ಲ. ಜೀವಕ್ಕೆ ಅಪಾಯವಿಲ್ಲದಿದ್ದರೆ ಮೊದಲು ಅಳತೆ, ಆಮೇಲೆ ಸೂಜಿ. 'ಕುಡಿದಿದ್ದಾನೆ' ಎಂದು ಬರೆಯುವುದನ್ನು ನಾವು ನಿಲ್ಲಿಸಿದೆವು. ಬಾಯಿಯಲ್ಲಿ ವಾಸನೆ, ಮಾತಿನ ತೊದಲು, ನಡಿಗೆ, ಪಾಪೆಗಳನ್ನು ಬಿಡಿಬಿಡಿಯಾಗಿ ಬರೆಯುತ್ತೇವೆ. ಆ ಒಂದು ಪದ ಬಿದ್ದ ಮೇಲೆ ತಲೆಯೊಳಗಿನ ರಕ್ತಸ್ರಾವವನ್ನು ಯಾರೂ ಯೋಚಿಸುವುದಿಲ್ಲ. ಪ್ರಜ್ಞಾ ಸ್ಥಿತಿಯ ಅಂಕವೂ ಬರೀ 13 ಎಂದಲ್ಲ, ಕಣ್ಣು 3, ಮಾತು 4, ಚಲನೆ 6 ಎಂದೇ ಇರಬೇಕು. ಹಳೆಯ ಕಾನೂನಿನ ಕಲಂ ಮುದ್ರಿಸಿದ ಫಾರಂಗಳನ್ನೂ ತೆಗೆಸಿ: 2024ರ ಜುಲೈ 1ರಿಂದ ಅತ್ಯಾಚಾರ, ಆ್ಯಸಿಡ್ ದಾಳಿಗೆ ಒಳಗಾದವರಿಗೆ ಉಚಿತ ಚಿಕಿತ್ಸೆ ಕೊಟ್ಟು ಪೊಲೀಸರಿಗೆ ತಿಳಿಸುವ ನಿಯಮ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 397ನೇ ಕಲಂನಲ್ಲಿದೆ.

ಔಷಧಿ ಬರೆಯುವಾಗ ಯೂನಿಟ್ ಎಂದು ಪೂರ್ತಿ ಬರೆಯಿರಿ. ಇನ್ಸುಲಿನ್ 10ರ ಪಕ್ಕದ ಇಂಗ್ಲಿಷ್ ಯು ಅಕ್ಷರ ಅವಸರದಲ್ಲಿ ಸೊನ್ನೆಯಾಗಿ 100 ಆಗುತ್ತದೆ. ತಪ್ಪಾದರೆ ಒಂದೇ ಗೆರೆಯಲ್ಲಿ ಹೊಡೆದು ಸಹಿ, ಹೊತ್ತು. ವೈಟ್ನರ್ ವಿಭಾಗದೊಳಗೇ ಬೇಡ. ತಡವಾಗಿ ನೆನಪಾದದ್ದನ್ನು ಸಾಲುಗಳ ನಡುವೆ ತುರುಕದೆ, 'ತಡವಾಗಿ ಬರೆದದ್ದು' ಎಂದು ಈಗಿನ ಹೊತ್ತಿನಲ್ಲೇ ಬರೆಯಬೇಕು.

ಚಿಕಿತ್ಸೆ ಬೇಡವೆಂದು ಮನೆಗೆ ಹೊರಟವರಿಂದ 'ಸ್ವಇಚ್ಛೆಯಿಂದ ಕರೆದುಕೊಂಡು ಹೋಗುತ್ತಿದ್ದೇವೆ' ಎಂದು ಸಹಿ ತೆಗೆದುಕೊಂಡರೆ ಸಾಲದು. ಏನು ಅಪಾಯವೆಂದು ಹೇಳಿದೆವು, ಯಾರಿಗೆ ಹೇಳಿದೆವು, ಏಕೆ ಹೊರಟರು, ಏನಾದರೆ ತಕ್ಷಣ ವಾಪಸು ಬರಬೇಕು ಎಂಬುದು ಅವರ ಭಾಷೆಯಲ್ಲಿರಬೇಕು. ಕಾರಣ ದುಡ್ಡು ಎಂದಾದರೆ ಅದನ್ನೂ ಬರೆಯಿರಿ. ಎಷ್ಟೋ ಸಲ ಸರ್ಕಾರಿ ಯೋಜನೆಯ ಕೌಂಟರಿಗೆ ಒಂದು ಫೋನ್ ಮಾಡಿದರೆ ಅವರು ಹೋಗಬೇಕಾಗಿಯೇ ಇಲ್ಲ.

ವಾರಕ್ಕೆ 20 ಶೀಟು ತಪಾಸಣೆ. ರಿಜಿಸ್ಟರಿನ ಪ್ರತಿ ಐದನೆಯ ಹೆಸರು, ಅದರಲ್ಲಿ ಅರ್ಧ ರಾತ್ರಿ ಪಾಳಿಯದು. ಬರೆದವರ ಹೆಸರು ಮುಚ್ಚಿ, ಆರೇ ಪ್ರಶ್ನೆ: ರೋಗಿಯ ಮಾತಿದೆಯೇ, ಎಲ್ಲ ಸಾಲಿಗೂ ಹೊತ್ತಿದೆಯೇ, ಎರಡನೇ ಸಲದ ನಾಡಿ-ರಕ್ತದೊತ್ತಡ ಇದೆಯೇ, ಔಷಧಿಯ ಪ್ರಮಾಣ ಓದಲಾಗುತ್ತದೆಯೇ, ಮುಂದಿನ ಯೋಜನೆ ಇದೆಯೇ, ಸಹಿ ಯಾರದೆಂದು ತಿಳಿಯುತ್ತದೆಯೇ. ಒಂದೇ ಖಾನೆ ಎಲ್ಲರಿಂದಲೂ ಖಾಲಿ ಉಳಿಯುತ್ತಿದ್ದರೆ ತಪ್ಪು ಖಾನೆಯದು. ಅದನ್ನು ಬೇರೆ ಕಡೆ ಸರಿಸುತ್ತೇವೆ ಅಥವಾ ತೆಗೆಯುತ್ತೇವೆ.

ಬಸ್ಸು ಮಗುಚಿ ಒಟ್ಟಿಗೇ ಹದಿನೈದು ಜನ ಬಂದಾಗ ಈ ಶೀಟು ನಡೆಯುವುದಿಲ್ಲ. ಅದಕ್ಕೆಂದೇ ಮೊದಲೇ ನಂಬರು ಬರೆದ ರಟ್ಟಿನ ಚೀಟಿಗಳು ದಾರ ಸಮೇತ ಬಾಗಿಲ ಪಕ್ಕದ ಡಬ್ಬಿಯಲ್ಲಿವೆ. ಹೆಸರು ತಿಳಿಯದಿದ್ದರೂ ನಂಬರು ಕೈಗೆ ಕಟ್ಟಿ, ರಕ್ತದ ಮಾದರಿಗೂ ಎಕ್ಸ್‌ರೇಗೂ ಅದೇ ನಂಬರು. ಟೂರ್ನಿಕೆ (ರಕ್ತ ನಿಲ್ಲಿಸಲು ಕೈಕಾಲಿಗೆ ಬಿಗಿಯುವ ಪಟ್ಟಿ) ಬಿಗಿದ ಹೊತ್ತನ್ನು ಮಾರ್ಕರ್‌ನಿಂದ ಹಣೆಯ ಮೇಲೆ ಬರೆಯುತ್ತೇವೆ, ಏಕೆಂದರೆ ಚೀಟಿ ಕಳಚಿ ಬಿದ್ದರೂ ಅದು ಉಳಿಯುತ್ತದೆ.