ನಿಂಬೆ ಪಾಸೆಟ್: ಕ್ರೀಮ್, ಸಕ್ಕರೆ, ನಿಂಬೆ, ಇಷ್ಟೇ ಸಾಮಾನು

ಹಾಲಿಗೆ ನಿಂಬೆ ಹಿಂಡಿದರೆ ಒಡೆಯುತ್ತದೆ. ಒಲೆ ಮುಂದೆ ನಿಂತವರಿಗೆಲ್ಲ ಇದು ಗೊತ್ತು. ಹಾಗಾಗಿ ನಿಂಬೆ ಪಾಸೆಟ್ ಅನ್ನುವ ತಣ್ಣನೆಯ ಸಿಹಿತಿನಿಸು ಮಾಡುವ ಕ್ರಮವನ್ನು ಮೊದಲ ಸಲ ಓದಿದಾಗ ನನಗೆ ನಂಬಿಕೆಯೇ ಬರಲಿಲ್ಲ. ಕ್ರೀಮಿಗೆ ಸಕ್ಕರೆ ಹಾಕಿ ಕುದಿಸಬೇಕು, ಒಲೆ ಆರಿಸಿ ನಿಂಬೆರಸ ಸುರಿಯಬೇಕು, ಆರಿದ ಮೇಲೆ ಫ್ರಿಜ್‌ನಲ್ಲಿಡಬೇಕು. ಅಷ್ಟೇ. ಮೊಟ್ಟೆ, ಜೆಲಟಿನ್, ಕಾರ್ನ್‌ಫ್ಲೋರ್ ಯಾವುದೂ ಬೇಡ. ಓವನ್ನೂ ಬೇಡ. ಗಟ್ಟಿ ಮಾಡುವ ಕೆಲಸವೆಲ್ಲ ನಿಂಬೆಯದ್ದೇ.

ಈಗ ಮನೆಗೆ ಯಾರಾದರೂ ಊಟಕ್ಕೆ ಬರುವುದಿದ್ದರೆ ಹಿಂದಿನ ರಾತ್ರಿಯೇ ಇದನ್ನು ಮಾಡಿಟ್ಟುಬಿಡುತ್ತೇನೆ. ಕೈಯಾಡಿಸುವ ಕೆಲಸ ಅರ್ಧ ಗಂಟೆಯೂ ಇಲ್ಲ. ಮಿಕ್ಕಿದ್ದನ್ನು ಫ್ರಿಜ್ ನೋಡಿಕೊಳ್ಳುತ್ತದೆ.

ಇದು ಇಂಗ್ಲೆಂಡಿನ ಹಳೇ ತಿನಿಸು. ಮೊದಲಿಗೆ ತಿನಿಸೂ ಆಗಿರಲಿಲ್ಲ, ಬಿಸಿಬಿಸಿ ಕುಡಿಯುವ ಪಾನೀಯವಾಗಿತ್ತು. ಬಿಸಿ ಹಾಲಿಗೆ ವೈನನ್ನೋ ಏಲ್ ಅನ್ನುವ ಬಿಯರನ್ನೋ ಬೆರೆಸಿ, ಮಸಾಲೆ ಹಾಕಿ, ನೆಗಡಿಯಾದವರಿಗೆ, ನಿದ್ದೆ ಬಾರದವರಿಗೆ ಕೊಡುತ್ತಿದ್ದರು. ಹಾಲು ಒಡೆದು ಗಟ್ಟಿ ಭಾಗ ಮೇಲೆ ನಿಲ್ಲುತ್ತಿತ್ತು. ಅದನ್ನು ಚಮಚದಲ್ಲಿ ತಿಂದು, ತಳದ ನೀರನ್ನು ಪಾತ್ರೆಯ ಕೊಳವೆಯಿಂದ ಹೀರುತ್ತಿದ್ದರು. ಅಂದರೆ ಆ ಕಾಲದ ಪಾಸೆಟ್‌ನಲ್ಲಿ ಹಾಲು ಒಡೆಯುವುದೇ ಬೇಕಾಗಿತ್ತು. ಈಗಿನದರಲ್ಲಿ ಒಡೆಯಬಾರದು, ಆದರೆ ಹೆಪ್ಪಾಗಬೇಕು.

ಒಡೆಯದೆ ಹೆಪ್ಪಾಗುವುದು ಹೇಗೆ? ಹಾಲಿನಲ್ಲಿ ಕೇಸೀನ್ ಅನ್ನುವ ಪ್ರೋಟೀನ್ ಇದೆ. ಹುಳಿ ತಾಗಿದಾಗ ಅದು ಒಂದಕ್ಕೊಂದು ಅಂಟಿಕೊಂಡು ಗಡ್ಡೆ ಕಟ್ಟುತ್ತದೆ, ನೀರು ಬೇರೆಯಾಗುತ್ತದೆ. ಕ್ರೀಮಿನಲ್ಲೂ ಕೇಸೀನ್ ಇದೆ, ಆದರೆ ಹಾಲಿಗಿಂತ ಕಡಿಮೆ. ಕೊಬ್ಬು ಮಾತ್ರ ಬಹಳ ಜಾಸ್ತಿ. ಕೊಬ್ಬಿನ ಸಣ್ಣ ಸಣ್ಣ ಹನಿಗಳು ನಡುವೆ ಅಡ್ಡ ನಿಲ್ಲುವುದರಿಂದ ಕೇಸೀನ್ ದೊಡ್ಡ ಗಡ್ಡೆಯಾಗಲು ಜಾಗವೇ ಸಿಗುವುದಿಲ್ಲ. ಅಲ್ಲಲ್ಲೇ ಅಂಟಿಕೊಂಡು ತೆಳುವಾದ ಬಲೆಯಾಗುತ್ತದೆ. ಆ ಬಲೆಯೊಳಗೆ ಕೊಬ್ಬೂ ನೀರೂ ಸಿಕ್ಕಿಕೊಂಡು ನುಣ್ಣಗೆ ನಿಲ್ಲುತ್ತವೆ. ಇಷ್ಟು ಗೊತ್ತಿದ್ದರೆ ಸಾಕು. ಯಾವ ಕ್ರೀಮ್ ಆಗುತ್ತದೆ, ಯಾವುದು ಆಗುವುದಿಲ್ಲ ಅನ್ನುವುದು ತಾನಾಗಿ ತಿಳಿಯುತ್ತದೆ.

ಪೊಟ್ಟಣದ ಮೇಲೆ ನಾನು ನೋಡುವುದು ಹೆಸರನ್ನಲ್ಲ, ಕೊಬ್ಬಿನ ಶೇಕಡಾವಾರು. 35ಕ್ಕಿಂತ ಮೇಲಿದ್ದರೆ ಕಣ್ಣು ಮುಚ್ಚಿ ತರಬಹುದು. ಬ್ರಿಟನ್ನಿನಲ್ಲಿ ಡಬಲ್ ಕ್ರೀಮ್ ಅಂತ ಮಾರುವುದರಲ್ಲಿ ಶೇಕಡಾ 48ರಷ್ಟು ಕೊಬ್ಬಿರುತ್ತದೆ. ಅಲ್ಲಿಯ ಅಡುಗೆ ಕ್ರಮಗಳಲ್ಲಿ ಮೂರು ನಿಮಿಷ ಕುದಿಸಿದರೆ ಸಾಕು ಅಂತ ಬರೆದಿರುವುದಕ್ಕೆ ಇದೇ ಕಾರಣ. ಶೇಕಡಾ 35ರ ವಿಪ್ಪಿಂಗ್ ಕ್ರೀಮ್‌ಗೆ ಅದೇ ಮೂರು ನಿಮಿಷ ಕೊಟ್ಟರೆ ಮೆತ್ತಗೇ ಉಳಿಯುತ್ತದೆ. ಅದಕ್ಕೆ ಇನ್ನಷ್ಟು ಹೊತ್ತು ಕುದಿಸಿ ನೀರಿಳಿಸಬೇಕು. ಶೇಕಡಾ 20-25 ಕೊಬ್ಬಿನ ತೆಳು ಕ್ರೀಮನ್ನು ನಾನು ಇದಕ್ಕೆ ಬಳಸುವುದಿಲ್ಲ. ಇನ್ನೊಂದು ಇದೆ, ಕೇಕ್ ಅಲಂಕಾರಕ್ಕೆ ಅಂತ ಸಿಗುವ, ಸಸ್ಯದ ಕೊಬ್ಬಿನಿಂದ ಮಾಡಿದ ಸಿಹಿ ವಿಪ್ಪಿಂಗ್ ಟಾಪಿಂಗ್. ಅದು ಹಾಲಿನ ಕ್ರೀಮೇ ಅಲ್ಲ. ಇದಕ್ಕೆ ತರಲೇಬೇಡಿ.

ನನ್ನ ಅಳತೆ ಇಷ್ಟು: 500 ಮಿಲಿ ಕ್ರೀಮ್, 130 ಗ್ರಾಂ ಸಕ್ಕರೆ, 80 ಮಿಲಿ ನಿಂಬೆರಸ, ಒಂದು ದೊಡ್ಡ ನಿಂಬೆಯ ಸಿಪ್ಪೆಯ ತುರಿ, ಚಿಟಿಕೆ ಉಪ್ಪು. ಆರು ಸಣ್ಣ ಲೋಟಗಳಾಗುತ್ತವೆ. ಸಣ್ಣ ಲೋಟ ಅಂದಿದ್ದು ಸುಮ್ನೆ ಅಲ್ಲ. ಇದು ಬಹಳ ಗಟ್ಟಿ ರುಚಿಯ ತಿನಿಸು, ದೊಡ್ಡ ಬಟ್ಟಲಲ್ಲಿ ಕೊಟ್ಟರೆ ಅರ್ಧಕ್ಕೇ ಸಾಕಾಗುತ್ತದೆ. ಇಷ್ಟು ನಿಂಬೆ ಅಂತ ಎಣಿಸಿ ಹಾಕದೆ ರಸವನ್ನು ಅಳೆದೇ ಹಾಕಿ. ಒಂದು ಹಣ್ಣಿನಲ್ಲಿ ಮೂರು ಚಮಚ ರಸ ಬಂದರೆ ಇನ್ನೊಂದರಲ್ಲಿ ಒಂದೂವರೆ ಬರುತ್ತದೆ. ಹುಳಿ ಕಡಿಮೆಯಾದರೆ ಗಟ್ಟಿಯಾಗುವುದಿಲ್ಲ.

ತುರಿಯುವ ಕೆಲಸ ಮೊದಲು, ಹಿಂಡುವುದು ಆಮೇಲೆ. ಹಿಂಡಿ ಮೆತ್ತಗಾದ ಹಣ್ಣನ್ನು ತುರಿಯುವುದು ದೊಡ್ಡ ಪೀಕಲಾಟ. ಮೇಣ ಹಚ್ಚಿದ ಹಣ್ಣಾದರೆ ಬಿಸಿನೀರಲ್ಲಿ ಉಜ್ಜಿ ತೊಳೆದು ಒರೆಸಿ. ಸಿಪ್ಪೆಯ ಮೇಲೆ ಸೂಜಿಮೊನೆಯಷ್ಟು ಸಣ್ಣ ಚುಕ್ಕಿಗಳು ಕಾಣುತ್ತವಲ್ಲ, ಅವೇ ಎಣ್ಣೆಯ ಚೀಲಗಳು. ನಿಂಬೆಯ ಪರಿಮಳ ಹೆಚ್ಚಾಗಿ ಅಲ್ಲಿಯೇ ಇರುವುದು, ರಸದಲ್ಲಲ್ಲ. ಅದರ ಕೆಳಗಿನ ಬಿಳಿ ಭಾಗ ಕಹಿ. ಹಾಗಾಗಿ ಸಣ್ಣ ಹಲ್ಲಿನ ತುರಿಮಣೆ ಮೇಲೆ ಹಣ್ಣನ್ನು ಹಗುರಾಗಿ ಎಳೆದು, ಬಣ್ಣ ಬಿಟ್ಟ ಕೂಡಲೇ ಹಣ್ಣನ್ನು ತಿರುಗಿಸಿಕೊಳ್ಳುತ್ತೇನೆ. ಆ ತುರಿಯನ್ನು ಸಕ್ಕರೆಗೆ ಹಾಕಿ ಬೆರಳ ತುದಿಯಲ್ಲಿ ಒಂದು ನಿಮಿಷ ತಿಕ್ಕಿದರೆ ಸಕ್ಕರೆ ಒದ್ದೆಮರಳಿನ ಹಾಗೆ ಅಂಟಿಕೊಳ್ಳುತ್ತದೆ, ಕೈಯೆಲ್ಲ ಘಮ್ಮೆನ್ನುತ್ತದೆ. ಆ ಎಣ್ಣೆ ಕೊಬ್ಬಿನಲ್ಲಿ ಚೆನ್ನಾಗಿ ಕರಗುವುದರಿಂದ ಕ್ರೀಮ್ ಅದನ್ನು ಪೂರ್ತಿ ಎಳೆದುಕೊಳ್ಳುತ್ತದೆ. ಬಾಟಲಿಯ ನಿಂಬೆರಸದಲ್ಲೂ ಹುಳಿ ಇದೆ, ಗಟ್ಟಿಯೂ ಆದೀತು. ಆದರೆ ಈ ಪರಿಮಳ ಎಲ್ಲಿಂದ ತರುತ್ತೀರಿ?

ಪಾತ್ರೆ ದೊಡ್ಡದಿರಲಿ. ಅರ್ಧ ಲೀಟರ್ ಕ್ರೀಮಿಗೆ ಎರಡು ಲೀಟರಿನ ಪಾತ್ರೆ ಅಂದರೆ ನಗಬೇಡಿ. ಕ್ರೀಮ್ ಉಕ್ಕುವುದು ಹಾಲಿಗಿಂತ ಮೋಸ. ಸುಮ್ಮನಿರುತ್ತದೆ, ಸುಮ್ಮನಿರುತ್ತದೆ, ಆಮೇಲೆ ಒಂದೇ ಸಲಕ್ಕೆ ಮೇಲೆದ್ದುಬಿಡುತ್ತದೆ. ಸ್ಟೀಲ್ ಪಾತ್ರೆಯೇ ಒಳ್ಳೆಯದು. ಲೇಪನವಿಲ್ಲದ ಅಲ್ಯೂಮಿನಿಯಂ ಪಾತ್ರೆಗೆ ನಿಂಬೆಹುಳಿ ಆಗಿಬರುವುದಿಲ್ಲ, ಲೋಹದ ರುಚಿ ಬರುತ್ತದೆ.

ಇನ್ನು ಕುದಿಸುವುದು. ಸಕ್ಕರೆ, ತುರಿ, ಉಪ್ಪು, ಕ್ರೀಮ್ ಎಲ್ಲ ಪಾತ್ರೆಗೆ ಹಾಕಿ ಮಧ್ಯಮ ಉರಿಯಲ್ಲಿಟ್ಟು ಸಕ್ಕರೆ ಕರಗುವ ತನಕ ತಿರುವುತ್ತೇನೆ. ಕುದಿ ಬಂದ ಮೇಲೆ ಉರಿ ತಗ್ಗಿಸುತ್ತೇನೆ. ಆದರೆ ಗುಳ್ಳೆ ನಿಲ್ಲುವಷ್ಟು ತಗ್ಗಿಸಬಾರದು. ಸಕ್ಕರೆ ಕರಗಿದ ಮೇಲೆ ಪಾತ್ರೆಯಲ್ಲಿ ಅಂದಾಜು 580 ಮಿಲಿ ಇರುತ್ತದೆ. ಅದು ಇಳಿದು ಮತ್ತೆ 500ಕ್ಕೆ ಬರಬೇಕು. ಶೇಕಡಾ 35ರ ಕ್ರೀಮಿಗೆ ಇದಕ್ಕೆ 8ರಿಂದ 12 ನಿಮಿಷ ಬೇಕು. ಗಡಿಯಾರಕ್ಕಿಂತ ಅಳತೆಯನ್ನು ನಂಬುವುದು ವಾಸಿ. ನಾನು ಮೊದಲೇ ಖಾಲಿ ಪಾತ್ರೆಗೆ 500 ಮಿಲಿ ನೀರು ಸುರಿದು, ಮರದ ಸೌಟಿನ ಹಿಡಿಯನ್ನು ನೆಟ್ಟಗೆ ಅದ್ದಿ, ನೀರು ಮುಟ್ಟಿದ ಕಡೆ ಪೆನ್ಸಿಲ್ಲಿನಲ್ಲಿ ಗೆರೆ ಹಾಕಿಟ್ಟುಕೊಂಡಿದ್ದೇನೆ. ಕುದಿಯುವಾಗ ಪಾತ್ರೆಯನ್ನು ಒಂದು ಕ್ಷಣ ಪಕ್ಕಕ್ಕೆ ಸರಿಸಿ, ನೊರೆ ಇಳಿದ ಮೇಲೆ ಹಿಡಿಯನ್ನು ಅದ್ದಿ ನೋಡಿದರೆ ಎಲ್ಲಿಗೆ ಬಂದಿದೆ ಅಂತ ಗೊತ್ತಾಗುತ್ತದೆ.

ಕಣ್ಣಿಗೂ ಗುರುತು ಸಿಗುತ್ತದೆ. ಶುರುವಿನಲ್ಲಿ ಗುಳ್ಳೆಗಳು ಸಣ್ಣವು, ನೊರೆನೊರೆಯಾಗಿ ಮೇಲೇರುತ್ತವೆ. ನೀರಿಳಿದಂತೆ ಗುಳ್ಳೆ ದಪ್ಪವಾಗಿ ನಿಧಾನಕ್ಕೆ ಒಡೆಯುತ್ತವೆ, ಬಣ್ಣ ಬಿಳಿಯಿಂದ ತುಸು ಹಳದಿಗೆ ತಿರುಗುತ್ತದೆ. ತಳ ಹಿಡಿಯದಂತೆ ಆಗಾಗ ಸೌಟಾಡಿಸಿ. ಜಾಸ್ತಿ ಕುದಿಸಿದರೆ ಇನ್ನೂ ಗಟ್ಟಿ ಅಂತ ಲೆಕ್ಕ ಹಾಕಬೇಡಿ. ಅತಿಯಾದರೆ ಬೆಣ್ಣೆಯ ಜಿಡ್ಡು ನಾಲಿಗೆಗೆ ಅಂಟುತ್ತದೆ, ನಿಂಬೆಯ ಚುರುಕು ಹಿಂದೆ ಬೀಳುತ್ತದೆ.

ಒಲೆ ಆರಿಸಿದ ಮೇಲೆಯೇ ನಿಂಬೆರಸ. ಒಂದೇ ಸಲ ಸುರಿದು ವಿಸ್ಕ್‌ನಿಂದ ಹಗುರಾಗಿ ಬೆರೆಸುತ್ತೇನೆ. ಜೋರಾಗಿ ಬಡಿದರೆ ಗುಳ್ಳೆ ಸೇರಿ ಮೇಲ್ಮೈಯಲ್ಲಿ ತೂತು ನಿಲ್ಲುತ್ತವೆ. ಈ ಹೊತ್ತಿನಲ್ಲಿ ಚಮಚದ ಬೆನ್ನನ್ನು ನೋಡಿ. ರಸ ಬೀಳುವ ಮೊದಲು ಕ್ರೀಮ್ ಸರ್ರನೆ ಇಳಿದುಹೋಗುತ್ತಿತ್ತು. ಈಗ ಚಮಚಕ್ಕೆ ತೆಳುವಾಗಿ ಮೆತ್ತಿಕೊಂಡು ನಿಲ್ಲುತ್ತದೆ, ಬೆರಳಿನಿಂದ ಗೆರೆ ಎಳೆದರೆ ಗೆರೆ ಉಳಿಯುತ್ತದೆ. ಹೆಪ್ಪು ಹಿಡಿಯಲು ಶುರುವಾಗಿದೆ ಅಂತ ಅರ್ಥ. ಅಲ್ಲಿಯೇ ಒಂದು ಹನಿ ರುಚಿ ನೋಡಿ. ತುಸು ಸಿಹಿ ಹೆಚ್ಚಾಯ್ತು ಅನ್ನಿಸಬೇಕು. ತಣ್ಣಗಾದಾಗ ನಾಲಿಗೆಗೆ ಸಿಹಿ ಕಡಿಮೆ ತಿಳಿಯುತ್ತದೆ. ಬಿಸಿಯಲ್ಲಿ ಸರಿ ಅನ್ನಿಸಿದ್ದು ಫ್ರಿಜ್‌ನಿಂದ ತೆಗೆದಾಗ ಬರೀ ಹುಳಿ ಅನ್ನಿಸುತ್ತದೆ.

ಕೂಡಲೇ ಲೋಟಕ್ಕೆ ಸುರಿಯಬೇಡಿ. ಇಪ್ಪತ್ತು ನಿಮಿಷ ಪಾತ್ರೆಯಲ್ಲೇ ಬಿಡಿ. ಮೇಲೆ ಕೆನೆ ಕಟ್ಟುತ್ತದೆ. ಆಮೇಲೆ ಸಣ್ಣ ಜರಡಿಯಲ್ಲಿ ಸೋಸಿದರೆ ಕೆನೆಯೂ ತುರಿಯೂ ಒಟ್ಟಿಗೇ ಹೋಗುತ್ತವೆ. ಬಿಸಿಬಿಸಿಯಾಗಿ ಲೋಟಕ್ಕೆ ಹಾಕಿದರೆ ಆ ಕೆನೆ ಒಂದೊಂದು ಲೋಟದ ಮೇಲೂ ಸುಕ್ಕುಗಟ್ಟಿ ಕೂರುತ್ತದೆ, ನೋಡಲು ಚೆನ್ನಾಗಿರಲ್ಲ. ಸೋಸುವುದು ಬೇಡ, ತುರಿ ಬಾಯಿಗೆ ಸಿಗಲಿ ಅನ್ನುವವರಿದ್ದಾರೆ. ನನಗೆ ಪಾಸೆಟ್ ರೇಷ್ಮೆಯಷ್ಟು ನುಣುಪಾಗಿರಬೇಕು, ಆದ್ದರಿಂದ ಸೋಸುತ್ತೇನೆ.

ಫ್ರಿಜ್‌ನಲ್ಲಿ ಕಡಿಮೆ ಅಂದರೆ ಮೂರು ಗಂಟೆ. ಪೂರ್ತಿ ತಣ್ಣಗಾಗುವ ತನಕ ಮುಚ್ಚುವುದಿಲ್ಲ. ಬೆಚ್ಚಗಿರುವಾಗ ಮುಚ್ಚಿದರೆ ಮುಚ್ಚಳದ ಹನಿ ಮೇಲೆ ಬಿದ್ದು ಗುಳಿ ಬೀಳುತ್ತದೆ. ತಣ್ಣಗಾದ ಮೇಲೆ ಮುಚ್ಚಲೇಬೇಕು, ಇಲ್ಲದಿದ್ದರೆ ಫ್ರಿಜ್‌ನಲ್ಲಿರುವ ಈರುಳ್ಳಿಯ ವಾಸನೆಯೆಲ್ಲ ಕ್ರೀಮ್ ಹೀರಿಕೊಳ್ಳುತ್ತದೆ. ಬೇಗ ಆಗಲಿ ಅಂತ ಫ್ರೀಜರ್‌ಗೆ ತಳ್ಳಿದರೆ ಅಂಚಿನಲ್ಲಿ ಮಂಜುಗಡ್ಡೆ ಕಟ್ಟಿ ನುಣುಪು ಹೋಗುತ್ತದೆ. ಲೋಟವನ್ನು ಓರೆ ಮಾಡಿದಾಗ ಮೇಲ್ಮೈ ಜಾರದೆ ಲಘುವಾಗಿ ನಡುಗಿದರೆ ಆಯ್ತು ಅಂತ ಲೆಕ್ಕ. ಚಮಚ ಹಾಕಿದ ಕಡೆ ಗುಂಡಿ ಹಾಗೇ ನಿಲ್ಲಬೇಕು. ಅಷ್ಟು ಮಾಡಿಯೂ ಸಡಿಲವಾಗಿದ್ದರೆ ಎಸೆಯಬೇಡಿ, ಹೆಚ್ಚಿದ ಹಣ್ಣಿನ ಮೇಲೆ ಸುರಿದು ಕೊಡಿ. ಯಾರಿಗೂ ಗೊತ್ತಾಗಲ್ಲ.

ಜೊತೆಗೆ ಒಂದು ಗರಿಗರಿ ಬಿಸ್ಕತ್ತು ಇದ್ದರೆ ಚೆಂದ. ಸ್ಟ್ರಾಬೆರಿಯಂಥ ಹಣ್ಣು ಹಾಕುವುದಾದರೆ ತಿನ್ನುವ ಹೊತ್ತಿಗೆ ಹಾಕಿ, ಮೊದಲೇ ಹಾಕಿಟ್ಟರೆ ನೀರು ಬಿಡುತ್ತದೆ.

ಕಿತ್ತಳೆಯಲ್ಲಿ ಮಾಡಬಹುದಾ ಅಂತ ತುಂಬ ಜನ ಕೇಳುತ್ತಾರೆ. ಬರೀ ಕಿತ್ತಳೆ ರಸದಲ್ಲಿ ಆಗುವುದಿಲ್ಲ, ಅದರಲ್ಲಿ ಅಷ್ಟು ಹುಳಿಯಿಲ್ಲ. ಕಿತ್ತಳೆ ಸಿಪ್ಪೆಯ ತುರಿಯನ್ನು ಧಾರಾಳವಾಗಿ ಹಾಕಿ, ರಸ ಮಾತ್ರ ನಿಂಬೆಯದ್ದೇ ಹಾಕುತ್ತೇನೆ. ಪರಿಮಳ ಕಿತ್ತಳೆಯದ್ದು, ಹೆಪ್ಪು ನಿಂಬೆಯದ್ದು. ಹಸಿರು ಸಿಪ್ಪೆಯ ಲೈಮ್ ಆದರೆ ಯೋಚನೆಯಿಲ್ಲ, ಇದೇ ಅಳತೆ ನಡೆಯುತ್ತದೆ.

ಫ್ರಿಜ್‌ನಲ್ಲಿ ಎರಡು ದಿನ ಚೆನ್ನಾಗಿರುತ್ತದೆ, ಮೂರನೇ ದಿನವೂ ತಿನ್ನಬಹುದು. ಜಾಸ್ತಿ ಜನಕ್ಕೆ ಎರಡರಷ್ಟು ಮಾಡುವಾಗ ಆಳದ ಪಾತ್ರೆಗಿಂತ ಅಗಲದ್ದು ತೆಗೆದುಕೊಳ್ಳಿ, ನೀರು ಬೇಗ ಇಳಿಯುತ್ತದೆ. ಸೌಟಿನ ಗೆರೆಯನ್ನು ಮಾತ್ರ ಆ ಪಾತ್ರೆಗೆ ತಕ್ಕಂತೆ ಒಂದು ಲೀಟರಿಗೆ ಹೊಸದಾಗಿ ಹಾಕಿಕೊಳ್ಳಬೇಕಾಗುತ್ತದೆ.